‘ಅಜ್ಜನ ಮನೆ’ ಗುಂಪಿನಲ್ಲಿ ಬಿಸ್ಕತ್ತಿನ ಜಗಳ

2025ರ ಮಾರ್ಚ್ ತಿಂಗಳ ಶನಿವಾರ, ರಾತ್ರಿ ಒಂಬತ್ತೂವರೆ. ಮಗಳ ಕೈಗವಸುಗಳನ್ನು ಒಣಗಲು ಹಾಕಿ, ಅವಳ ಹಣದ ಡಬ್ಬಿಯಲ್ಲಿದ್ದ ಚಿಲ್ಲರೆಯನ್ನು ಎಣಿಸುತ್ತ ಕುಳಿತಿದ್ದೆ. ಊರಿನಲ್ಲಿ ಆಗ ಭಾನುವಾರದ ಬೆಳಗು, ಏಳು ಗಂಟೆ. ನಮ್ಮ ಮನೆತನದ ‘ಅಜ್ಜನ ಮನೆ’ ವಾಟ್ಸಾಪ್ ಗುಂಪು ಕಣ್ಣು ಬಿಡುವುದೇ ಆ ಹೊತ್ತಿಗೆ.

ಮಗಳಿಗೆ ಆಗ ಒಂಬತ್ತು ವರ್ಷ. ಇಲ್ಲಿ ಅಮೆರಿಕದಲ್ಲಿ, ನಮ್ಮ ಗೈಡ್ಸ್‌ನಂತಹ ಗರ್ಲ್ ಸ್ಕೌಟ್ಸ್ ಸೇರಿದ್ದಾಳೆ. ಅವಳ ವಯಸ್ಸಿನವರನ್ನು ಬ್ರೌನಿ ಎನ್ನುತ್ತಾರೆ. ಅಂದು ದಿನಸಿ ಅಂಗಡಿಯ ಬಾಗಿಲ ಬಳಿ ಮಡಚುವ ಮೇಜು ಹಾಕಿಕೊಂಡು, ಗೆಳತಿಯ ಜೊತೆ ಮೂರು ಗಂಟೆ ನಿಂತು 61 ಪೆಟ್ಟಿಗೆ ಬಿಸ್ಕತ್ತು ಮಾರಿ ಬಂದಿದ್ದಳು. ಗಾಳಿಗೆ ಮೂಗಿನ ತುದಿ ಕೆಂಪಾಗಿತ್ತು. ಕಂದು ಬಣ್ಣದ ವೆಸ್ಟ್ ತೊಟ್ಟು, ಎರಡು ಕೈಯಲ್ಲೂ ಥಿನ್ ಮಿಂಟ್ ಎಂಬ ಬಿಸ್ಕತ್ತಿನ ಪೆಟ್ಟಿಗೆ ಹಿಡಿದು ನಿಂತ ಅವಳ ಚಿತ್ರವನ್ನು ಗುಂಪಿಗೆ ಹಾಕಿದ್ದೆ. ಅದರ ಕೆಳಗೆ ಮೊದಲು ಬಂದದ್ದು ಸಾಗರದ ಅತ್ತೆಯ ಸಂದೇಶ. ಮೇಲೆ ಎರಡು ಬಾಣದ ಗುರುತು, ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಸಾಲು; ಒಳಗೆ ಬಿಸ್ಕತ್ತಿನ ಪೆಟ್ಟಿಗೆಯ ಮೇಲೆ ತಲೆಬುರುಡೆಯ ಚಿತ್ರ.

ಸಾಗರದ ಅತ್ತೆ: ಎಚ್ಚರಿಕೆ! ಅಮೆರಿಕದಲ್ಲಿ ಹುಡುಗಿಯರು ಮಾರುವ ಬಿಸ್ಕತ್ತಿನಲ್ಲಿ ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ, ಅಲ್ಯುಮಿನಿಯಂ ಮತ್ತು ಕಳೆನಾಶಕ ಪತ್ತೆ! ಕೋರ್ಟಿಗೆ ಹೋದ ತಾಯಂದಿರು! ನಿಮ್ಮ ಮಕ್ಕಳನ್ನು ಉಳಿಸಿಕೊಳ್ಳಿ, ಎಲ್ಲ ಗುಂಪುಗಳಿಗೂ ಕಳುಹಿಸಿ.

ರಾಘಣ್ಣ: ಅತ್ತೆ, ಇದರ ಮೂಲ ಎಲ್ಲಿದೆ? ಯಾರು ಪರೀಕ್ಷೆ ಮಾಡಿದರು, ಎಷ್ಟು ಮಾದರಿ, ಯಾವ ಮಿತಿಗೆ ಹೋಲಿಸಿದರು?

ಸಾಗರದ ಅತ್ತೆ: ನನಗೇನು ಗೊತ್ತು? ಭಜನಾ ಮಂಡಳಿಯ ಗುಂಪಿನಲ್ಲಿ ಬಂದಿತ್ತು. ಮಗು ತಿನ್ನುತ್ತದಲ್ಲ ಎಂದು ಕಳುಹಿಸಿದೆ.

ರಾಘಣ್ಣ: ಕೊರೋನಾ ಕಾಲದಲ್ಲಿ ಕೋಣೆಯ ಮೂಲೆಗೆ ಈರುಳ್ಳಿ ಇಡಿ ಎಂದು ಕಳುಹಿಸಿದ್ದೂ ಅದೇ ಗುಂಪಿನಿಂದಲೇ ಇರಬೇಕು.

ಸಾಗರದ ಅತ್ತೆ: ನಾನು ಏನು ಕಳುಹಿಸಿದರೂ ನಿನಗೆ ಪುರಾವೆ ಬೇಕು. ನಿನ್ನ ಅಪ್ಪನೂ ಹೀಗೆಯೇ. ನನ್ನ ಮದುವೆಯ ಮಾತುಕತೆಯಲ್ಲಿ ಹುಡುಗನ ಸಂಬಳದ ಚೀಟಿ ತೋರಿಸಿ ಎಂದು ಎಲ್ಲರೆದುರು ಕೇಳಿದ ಪುಣ್ಯಾತ್ಮ.

ರಾಘಣ್ಣ ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈರುಳ್ಳಿಯನ್ನು ಎಳೆದು ತಂದದ್ದು ತಪ್ಪು. ಅಲ್ಲಿಂದಾಚೆಗೆ ಬಿಸ್ಕತ್ತಿನ ಮಾತು ಹಿಂದೆ ಬಿತ್ತು, ಐವತ್ತು ವರ್ಷ ಹಳೆಯ ಸಂಬಳದ ಚೀಟಿ ಮುಂದೆ ಬಂತು. ದೊಡ್ಡಪ್ಪ ಬಾಯಿ ಹಾಕಿದ್ದು ಆಗ.

ದೊಡ್ಡಪ್ಪ: ವಿಷ ಇದೆಯೋ ಇಲ್ಲವೋ, ಅದು ಬೇರೆ ಮಾತು. ಒಂಬತ್ತು ವರ್ಷದ ಹೆಣ್ಣುಮಗುವನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ಹೋಗಿ ಬರುವವರನ್ನೆಲ್ಲ ಕೇಳಿಸುವುದು ಯಾವ ಸಂಸ್ಕಾರ? ನಮಗೇನು ಕಡಿಮೆಯಾಗಿದೆ? ಕಂಪನಿಗಳು ಮಕ್ಕಳ ಮುಖ ತೋರಿಸಿ ಸರಕು ಮಾರುತ್ತವೆ. ತಂದೆ ತಾಯಿ ಇದನ್ನು ಯೋಚಿಸಬೇಕು.

ನಾನು: ದೊಡ್ಡಪ್ಪ, ಇದು ಕಂಪನಿಯವರು ಹುಟ್ಟುಹಾಕಿದ್ದಲ್ಲ. 1917ರಲ್ಲಿ ಒಕ್ಲಹೋಮಾದ ಮಸ್ಕೋಗಿ ಎಂಬ ಊರಿನಲ್ಲಿ ಮಿಸಲ್‌ಟೋ ಎಂಬ ತಂಡದ ಹುಡುಗಿಯರು ಮನೆಯಲ್ಲೇ ಬಿಸ್ಕತ್ತು ಬೇಯಿಸಿ, ಶಾಲೆಯ ಊಟದ ಕೋಣೆಯಲ್ಲಿ ಮಾರಿ ತಮ್ಮ ಸೇವಾ ಕೆಲಸಕ್ಕೆ ಹಣ ಹೊಂದಿಸಿಕೊಂಡರು. 1922ರಲ್ಲಿ ಇವರ ಪತ್ರಿಕೆಯಲ್ಲಿ ಬಂದ ಪಾಕದ ಪ್ರಕಾರ, ಆರೇಳು ಡಜನ್ ಬಿಸ್ಕತ್ತಿಗೆ ಸಾಮಾನಿನ ಖರ್ಚು 26ರಿಂದ 36 ಸೆಂಟ್. ಡಜನ್ನಿಗೆ 25–30 ಸೆಂಟಿನಂತೆ ಮಾರುವುದು. ಬೇಕರಿಗಳು ಬಂದದ್ದು 1930ರ ದಶಕದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆ, ಹಿಟ್ಟು, ಬೆಣ್ಣೆ ಸಿಗದಿದ್ದಾಗ ಇದೇ ಹುಡುಗಿಯರು ಕ್ಯಾಲೆಂಡರ್ ಮಾರಿದರು. ಈಗ ನಮ್ಮ ಕಡೆ ಪೆಟ್ಟಿಗೆಗೆ ಆರು ಡಾಲರ್. ನಮ್ಮ ತಂಡದ ಕೈಗೆ ಸಿಗುವುದು ಅದರಲ್ಲಿ ಒಂದು ಡಾಲರ್‌ಗಿಂತ ಕಡಿಮೆ. ಉಳಿದದ್ದು ಬೇಕರಿಗೆ ಮತ್ತು ನಮ್ಮ ಪ್ರದೇಶದ ಮಂಡಳಿಗೆ ಹೋಗುತ್ತದೆ. ಸಿಕ್ಕ ಹಣದಲ್ಲಿ ಏನು ಮಾಡಬೇಕೆಂದು ಹುಡುಗಿಯರೇ ಕೈಯೆತ್ತಿ ತೀರ್ಮಾನಿಸುತ್ತಾರೆ. ಈ ಸಲ ಎರಡು ರಾತ್ರಿಯ ಶಿಬಿರ, ಉಳಿದರೆ ಅನಾಥ ನಾಯಿಗಳ ಮನೆಗೆ ಕಂಬಳಿ.

ಇಷ್ಟು ಉದ್ದ ಬರೆದದ್ದನ್ನು ಯಾರೂ ಓದಲಿಲ್ಲ ಎಂಬುದು ಮುಂದಿನ ಸಂದೇಶದಿಂದಲೇ ತಿಳಿಯಿತು. ಅದು ಅಮೆರಿಕದಲ್ಲೇ ಇನ್ನೊಂದು ರಾಜ್ಯದಲ್ಲಿರುವ ಸುಬ್ಬು ಭಾವನದು.

ಸುಬ್ಬು ಭಾವ: ಚಿತ್ರದಲ್ಲಿ ಹಿಂದೆ ಕಾಣುವುದು ಸಮೋವಾ ಬಿಸ್ಕತ್ತು ಅಲ್ಲವೇ? ಅದರ ಸರಿಯಾದ ಹೆಸರು ಕ್ಯಾರಮೆಲ್ ಡಿಲೈಟ್. ನಾವು ಹತ್ತು ವರ್ಷದಿಂದ ಕೊಳ್ಳುತ್ತಿದ್ದೇವೆ.

ನಾನು: ಎರಡೂ ಸರಿ ಭಾವ. ಪರವಾನಗಿ ಇರುವುದು ಎರಡು ಬೇಕರಿಗಳಿಗೆ: ಒಂದು ಕೆಂಟಕಿಯ ಲೂಯಿವಿಲ್‌ನದು, ಇನ್ನೊಂದು ವರ್ಜೀನಿಯಾದ ರಿಚ್ಮಂಡ್‌ನದು. ಯಾವ ಪ್ರದೇಶಕ್ಕೆ ಯಾವ ಬೇಕರಿಯೋ ಅಲ್ಲಿ ಆ ಹೆಸರು. ಥಿನ್ ಮಿಂಟ್‌ಗೆ ಎರಡು ಕಡೆಯೂ ಒಂದೇ ಹೆಸರು.

ಸುಬ್ಬು ಭಾವ: ನಮ್ಮ ಕಡೆಯದರಲ್ಲಿ ಕೊಬ್ಬರಿ ಹೆಚ್ಚು. ನಿಮ್ಮದು ತಿಂದಿದ್ದೇನೆ, ಬರೀ ಸಿಹಿ.

ಉಂಗುರದಂತಹ ಬಿಸ್ಕತ್ತು, ಮೇಲೆ ಕಾಯಿಸಿದ ಸಕ್ಕರೆಯ ಅಂಟಿನಲ್ಲಿ ಹುರಿದ ಕೊಬ್ಬರಿ ತುರಿ, ಅಡ್ಡಡ್ಡ ಚಾಕೊಲೇಟಿನ ಗೆರೆ. ಮೊದಲ ಸಲ ತಿಂದಾಗ ನನಗೆ ಅಜ್ಜಿಯ ಕೊಬ್ಬರಿ ಮಿಠಾಯಿಯ ತಳ ಹತ್ತಿದ ಅಂಚು ನೆನಪಾಗಿತ್ತು. ಇದನ್ನು ಬರೆಯಬೇಕೆಂದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮನ ಮಾತು ಬಂತು.

ಚಿಕ್ಕಮ್ಮ: ಬಿಸ್ಕತ್ತಿಗೆ ಎಲ್ಲರೂ ಹಣ ಕೊಡಬೇಕು, ಸಂತೋಷ. 2018ರಲ್ಲಿ ಊರಿನ ಗಣಪತಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೇಳಿದಾಗ ಅಮೆರಿಕದವರು ‘ನೋಡೋಣ’ ಎಂದಿದ್ದರು. ನಾವು ಇನ್ನೂ ನೋಡುತ್ತಲೇ ಇದ್ದೇವೆ.

ನಾನು ಯಾರನ್ನೂ ಹಣ ಕೇಳಿರಲಿಲ್ಲ. ಮಗಳ ಚಿತ್ರ ಹಾಕಿದ್ದೆ, ಅಷ್ಟೇ. ಆ ವರ್ಷ ನನ್ನ ಗಂಡನಿಗೆ ಏಳು ತಿಂಗಳು ಕೆಲಸವಿರಲಿಲ್ಲ. ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅದನ್ನು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅಷ್ಟರಲ್ಲಿ ಚಿಕ್ಕಮ್ಮ ಇನ್ನೊಂದು ಹಾಕಿಯಾಗಿತ್ತು.

ಚಿಕ್ಕಮ್ಮ: ಹೋದ ಸಲ ಬಂದಾಗ ತಂದ ಪೆಟ್ಟಿಗೆಯಲ್ಲಿ ಮೊಟ್ಟೆ ಇತ್ತೋ ಏನೋ ಎಂದು ನಾವು ಮುಟ್ಟಲೇ ಇಲ್ಲ. ಅಟ್ಟದ ಮೇಲೆ ಇಟ್ಟದ್ದು ಮೇ ತಿಂಗಳ ಸೆಕೆಗೆ ಕರಗಿ ಮುದ್ದೆಯಾಯಿತು.

ನಾನು: ಅದು ಥಿನ್ ಮಿಂಟ್, ಚಿಕ್ಕಮ್ಮ. ಅದರಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಗೊತ್ತಿದ್ದೇ ಆರಿಸಿ ತಂದಿದ್ದೆ. ಆಗಲೂ ಹೇಳಿದ್ದೆ.

ಇಷ್ಟು ಹೊತ್ತು ಸುಮ್ಮನಿದ್ದ ಹುಬ್ಬಳ್ಳಿಯ ವಿಜಯಕ್ಕ ಇಲ್ಲಿ ಬಂದಳು. ಅವಳು ಬಂದರೆ ಮಾತು ಹಳೆಯ ಕಾಲಕ್ಕೆ ತಿರುಗುತ್ತದೆ ಎಂಬುದು ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಅಂದು ಅವಳು ಬಂದದ್ದು ನನಗೆ ಆಸರೆಯಾಯಿತು.

ವಿಜಯಕ್ಕ: ದೊಡ್ಡಪ್ಪ, ನೀವು ನಮ್ಮ ಶಾಲೆಯ ಹೆಡ್‌ಮಾಸ್ತರರಾಗಿದ್ದಾಗ ನವೆಂಬರ್ 7, ಸ್ಕೌಟ್ಸ್ ಮತ್ತು ಗೈಡ್ಸ್ ಧ್ವಜ ದಿನದಂದು ನಮ್ಮನ್ನೆಲ್ಲ ಸಾಲು ನಿಲ್ಲಿಸಿ, ಸ್ಟಿಕರ್ ಕೊಟ್ಟು ಪೇಟೆಗೆ ಕಳುಹಿಸುತ್ತಿದ್ದಿರಿ. ಬಟ್ಟೆ ಅಂಗಡಿ, ಪೊಲೀಸ್ ಠಾಣೆ, ಬಸ್ ನಿಲ್ದಾಣ, ಎಲ್ಲ ಕಡೆಯೂ ಹೋಗಿ ‘ಸರ್, ಒಂದು ಧ್ವಜ ತೆಗೆದುಕೊಳ್ಳಿ’ ಎನ್ನುತ್ತಿದ್ದೆವು. ಹೆಚ್ಚು ಮಾರಿದವರ ಹೆಸರನ್ನು ಮರುದಿನ ಪ್ರಾರ್ಥನೆಯಲ್ಲಿ ನೀವೇ ಓದುತ್ತಿದ್ದಿರಿ.

ವಿಜಯಕ್ಕ: ಖರಿ ಕಮಾಯಿ ನೆನಪಿದೆಯೇ? ದುಡಿದು ತಂದ ಹಣವೇ ಆಗಬೇಕು, ಮನೆಯಲ್ಲಿ ಕೇಳಿ ತರಬಾರದು ಎಂದಿದ್ದಿರಿ. ನಾನು ಅಜ್ಜನ ಜಗಲಿಯಲ್ಲೇ ಸುಲಿಯುವವರ ಸಾಲಿನ ಕೊನೆಯಲ್ಲಿ ಕುಳಿತು ಅಡಿಕೆ ಸುಲಿದೆ. ಮೂರು ರಾತ್ರಿಗೆ ಒಂದು ಡಬ್ಬ. ಹೆಬ್ಬೆರಳು ಕುಯ್ದುಕೊಂಡಿತ್ತು. ಅಜ್ಜ ಬೇರೆಯವರಿಗೆ ಕೊಟ್ಟಷ್ಟೇ ನನಗೂ ಕೊಟ್ಟರು, ಹತ್ತು ಪೈಸೆಯೂ ಹೆಚ್ಚಿಲ್ಲ. ಆ ಹಣದಲ್ಲಿ ದೊಡ್ಡಬಳ್ಳಾಪುರದ ಶಿಬಿರಕ್ಕೆ ಹೋಗಿದ್ದೆ. ಮೊದಲ ಬಾರಿ ಮನೆ ಬಿಟ್ಟು ಮಲಗಿದ್ದು ಅಲ್ಲಿ.

ದೊಡ್ಡಪ್ಪ ಓದಿದ್ದರು. ಹತ್ತು ನಿಮಿಷ ‘ಟೈಪ್ ಮಾಡುತ್ತಿದ್ದಾರೆ’ ಎಂದು ಬಂದು ಹೋಗಿ ಬಂದು ಹೋಗಿ ಆಯಿತು. ಕೊನೆಗೆ ಏನೂ ಬರಲಿಲ್ಲ.

ನನಗೆ ಇಲ್ಲಿ ಹೇಳಬೇಕಾದದ್ದಿದೆ. ನಾನು ಇಪ್ಪತ್ತು ವರ್ಷದವಳಾಗುವವರೆಗೂ ಅಂಗಡಿಯವನಲ್ಲಿ ‘ಇದರ ಬೆಲೆ ಎಷ್ಟು’ ಎಂದು ಗಟ್ಟಿಯಾಗಿ ಕೇಳಿದವಳಲ್ಲ. ಅಣ್ಣನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತಿದ್ದೆ. ನನ್ನ ಮಗಳು ಅಂದು ಮೇಜಿನ ಹಿಂದಿನಿಂದ ಒಬ್ಬೊಬ್ಬರ ಕಣ್ಣು ನೋಡಿ ಕೇಳಿದಳು. ಹತ್ತರಲ್ಲಿ ಏಳು ಜನ ಬೇಡ ಎಂದರು, ಕೆಲವರು ಫೋನಿನಲ್ಲಿ ಮಾತಾಡುವಂತೆ ನಟಿಸಿ ಹೋದರು. ಎಲ್ಲರಿಗೂ ‘ಧನ್ಯವಾದ, ಶುಭದಿನ’ ಎಂದಳು. ಇಪ್ಪತ್ತು ಡಾಲರ್ ನೋಟು ಕೊಟ್ಟು ಮೂರು ಪೆಟ್ಟಿಗೆ ಕೊಂಡವರಿಗೆ ಎರಡು ಡಾಲರ್ ಹಿಂದಿರುಗಿಸುವಾಗ, ಹೆಪ್ಪುಗಟ್ಟಿದ ಬೆರಳಿಗೆ ನೋಟು ಬಿಡಿಸಲು ಬಾರದೆ ಹಲ್ಲಿನಿಂದ ಕೈಗವಸು ಎಳೆದುಕೊಂಡಳು. ಪಕ್ಕದಲ್ಲೇ ನಿಂತಿದ್ದ ನಾನು ಕೈ ಚಾಚಲಿಲ್ಲ. ಇದನ್ನು ದೊಡ್ಡಪ್ಪ ನೋಡಬೇಕಿತ್ತು.

ಗುಂಪಿನಲ್ಲಿ ಆ ಹೊತ್ತಿಗೆ ರಾಘಣ್ಣ ಓದಿ ಬಂದಿದ್ದ. ಅಂದು ಆ ಸುದ್ದಿಯನ್ನು ಹುಡುಕಿ ಓದಿದವನು ಅವನೊಬ್ಬನೇ.

ರಾಘಣ್ಣ: ಓದಿದೆ. ಎರಡು ಸಂಘಟನೆಗಳು ಮಾಡಿಸಿದ ಪರೀಕ್ಷೆ. ಮೂರು ರಾಜ್ಯಗಳಿಂದ ತಂದ 25 ಬಿಸ್ಕತ್ತು, ಅಷ್ಟೇ. ಒಂದು ಹಂಗಾಮಿಗೆ ಸುಮಾರು 20 ಕೋಟಿ ಪೆಟ್ಟಿಗೆ ಮಾರಾಟವಾಗುತ್ತವೆ. ಇತರ ವಿಜ್ಞಾನಿಗಳು ಪರಿಶೀಲಿಸುವ ಯಾವ ನಿಯತಕಾಲಿಕದಲ್ಲೂ ಬಂದ ವರದಿಯಲ್ಲ. ಹೋಲಿಸಿದ್ದು ಕುಡಿಯುವ ನೀರಿನ ಮಿತಿಗೆ. ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿಯುತ್ತೇವೆ, ಜೀವನಪೂರ್ತಿ. ಅದರ ಮಿತಿಯನ್ನು ಒಂದು ಬಿಸ್ಕತ್ತಿಗೆ ಹಚ್ಚುವಂತಿಲ್ಲ. ಮಣ್ಣಿನಲ್ಲಿ ಇರುವ ಲೋಹ ಗೋಧಿಗೂ ಕೋಕೋಗೂ ಅಕ್ಕಿಗೂ ಸ್ವಲ್ಪ ಸ್ವಲ್ಪ ಬರುತ್ತದೆ. ಬಿಸ್ಕತ್ತು ಸುರಕ್ಷಿತ ಎಂದು ಗರ್ಲ್ ಸ್ಕೌಟ್ಸ್ ಸಂಸ್ಥೆ ಹೇಳಿದೆ. ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಿರುವುದು ನಿಜ. ಸಂಸ್ಥೆಯವರು ಹೇಳಿದ ಮಾತ್ರಕ್ಕೆ ನಾನು ನಂಬುವವನಲ್ಲ. ಆದರೆ ಈ 25 ಬಿಸ್ಕತ್ತುಗಳ ಮೇಲೆ ‘ವಿಷ’ ಎನ್ನಲು ಬರುವುದಿಲ್ಲ.

ಚಿಕ್ಕಮ್ಮ: ಆಯಿತಪ್ಪಾ ಪ್ರೊಫೆಸರ್. ದೇವಸ್ಥಾನದ ಲೆಕ್ಕವನ್ನೂ ಹೀಗೆಯೇ ನೋಡಿದ್ದರೆ ಚೆನ್ನಾಗಿತ್ತು. ಆಗ ಖಜಾಂಚಿ ನೀನೇ ಅಲ್ಲವೇ?

ಸುಬ್ಬು ಭಾವ: ವಿಜಯಾ, ಶಿಬಿರ ಎಂದಾಗ ನೆನಪಾಯಿತು. ದೊಡ್ಡಬಳ್ಳಾಪುರದಿಂದ ಬರುವಾಗ ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಯ ಖಾರದ ಬಿಸ್ಕತ್ತು ತಂದುಕೊಟ್ಟಿದ್ದೆಯಲ್ಲ! ಕರಿಬೇವು, ಹಸಿಮೆಣಸು. ಆ ಬಿಸ್ಕತ್ತಿನ ಮುಂದೆ ಇವೆಲ್ಲ ಏನು?

ವಿಜಯಕ್ಕ: ಬೆಣ್ಣೆ ಬಿಸ್ಕತ್ತು ಭಾವ, ಬೆಣ್ಣೆ ಬಿಸ್ಕತ್ತು! ಕಾಗದಕ್ಕೆ ಎಣ್ಣೆ ಇಳಿದಿರುತ್ತಿತ್ತು.

ಅಲ್ಲಿಂದ ಮೂವತ್ತೆಂಟು ಸಂದೇಶಗಳು ಬೇಕರಿಯ ಮೇಲೆ. ನಾನು ಫೋನನ್ನು ಮೇಜಿನ ಮೇಲೆ ಇಟ್ಟು ಒಳಗೆ ಹೋದೆ. ತಿರುಗಿ ಬಂದಾಗ ಮಗಳು ಎದ್ದು ಬಂದು ಫೋನು ಹಿಡಿದು ನಿಂತಿದ್ದಳು. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದರೆ ಆ ಪೆಟ್ಟಿಗೆ ಗೊತ್ತು, ಅದರ ಮೇಲಿನ ತಲೆಬುರುಡೆಯೂ ಗೊತ್ತು.

“ಅಮ್ಮ, ನಾನು ಜನರಿಗೆ ವಿಷ ಮಾರಿದೆನೇ?”

ಆ ಮಾತನ್ನು ಅಕ್ಷರಶಃ ಗುಂಪಿನಲ್ಲಿ ಬರೆದೆ. ಕಳುಹಿಸುವ ಮೊದಲು ಒಮ್ಮೆಯೂ ಯೋಚಿಸಲಿಲ್ಲ. ಬೇಕರಿಯ ಮಾತು ನಿಂತಿತು. ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಮೇಲೆ, ಚಿತ್ರದ ಕೆಳಗೆ ಕಾಣಿಸಿತು. ಅತ್ತೆ ಅಳಿಸಿದ್ದರು. ಗುಂಪಿನಲ್ಲಿ ಏನೂ ಹೇಳದೆ ನನಗೆ ಪ್ರತ್ಯೇಕವಾಗಿ ಬರೆದರು: “ಮಗುವಿಗೆ ಹೇಳು, ಅಜ್ಜಿಗೆ ತಿಳಿಯಲಿಲ್ಲ ಎಂದು. ಇಲ್ಲಿ ಒಬ್ಬಳೇ ಕುಳಿತು ಬೆಳಿಗ್ಗೆ ಬಂದದ್ದನ್ನೆಲ್ಲ ಕಳುಹಿಸುತ್ತೇನೆ. ನೀವಾದರೂ ಉತ್ತರ ಬರೆಯುತ್ತೀರಿ.” ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಇದೇ ಗುಂಪಿನಲ್ಲೂ ಇದ್ದಾನೆ. ಅವನ ಹೆಸರಿನಲ್ಲಿ ಅಂದು ಒಂದು ಸಾಲೂ ಇರಲಿಲ್ಲ.

ರಾಘಣ್ಣ ಬರೆದದ್ದನ್ನು ಮಗಳಿಗೆ ಅವಳಿಗೆ ತಿಳಿಯುವಂತೆ ಹೇಳಿದೆ. 25 ಬಿಸ್ಕತ್ತು, ನೀರು, ಮಣ್ಣು. ಅವಳು ಪೂರ್ತಿ ಕೇಳಿದಳು. ನಾಳೆ ಯಾರಾದರೂ ಕೇಳಿದರೆ ಹೇಳಲು ಬೇಕು ಎಂದು ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ವೆಸ್ಟಿನ ಜೇಬಿಗೆ ಹಾಕಿದಳು.

ಭಾನುವಾರ ಹತ್ತು ಗಂಟೆಗೆ ಮತ್ತೆ ಅದೇ ಬಾಗಿಲು. ಹನ್ನೆರಡು ಪೆಟ್ಟಿಗೆಯ ರಟ್ಟಿನ ಡಬ್ಬಗಳು ಐದು. ಮಧ್ಯಾಹ್ನದವರೆಗೂ ಅವಳ ಒಂದು ಕೈ ಆ ಜೇಬಿನ ಮೇಲೆಯೇ ಇತ್ತು. ಯಾರೂ ವಿಷದ ಮಾತು ಎತ್ತಲಿಲ್ಲ. ಬಂದವರು ಕೇಳಿದ್ದು ಒಂದೇ: ಥಿನ್ ಮಿಂಟ್ ಇನ್ನೂ ಉಳಿದಿದೆಯೇ?