ಜಿನೀವಾದಲ್ಲಿ ಭಾರತದ ಓಟು ಯಾರ ಕೈಯಲ್ಲಿದೆ? ನನ್ನ ವಿದ್ಯಾರ್ಥಿಗೆ ಉತ್ತರ ಹೇಳಬೇಕಿದೆ

ಘಟಪ್ರಭಾ ದಂಡೆ (ಬಾಗಲಕೋಟೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಊರು ಹೇಳುವುದಿಲ್ಲ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಕಳೆದ ವಾರ ವಿಶ್ವಸಂಸ್ಥೆಯ ಪಾಠ ನಡೆದಿತ್ತು. ಮಾನವ ಹಕ್ಕು ಮಂಡಳಿ ಜಿನೀವಾದಲ್ಲಿದೆ, 47 ಸದಸ್ಯ ದೇಶಗಳು, ಭಾರತ 2026ರಿಂದ 2028ರವರೆಗೆ ಮತ್ತೆ ಸದಸ್ಯ ಅಂತ ಬೋರ್ಡಿನ ಮೇಲೆ ಬರೆದೆ. ಬೆಲ್ ಆಯಿತು. ಎಲ್ಲರೂ ಬಸ್ಸಿಗೆ ಓಡಿದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಉಳಿದ. ವರ್ಷವಿಡೀ ಬಾಯಿ ಬಿಟ್ಟವನಲ್ಲ. ಡಸ್ಟರ್ ತಗೊಂಡು ತಾನೇ ಬೋರ್ಡ್ ಒರೆಸತೊಡಗಿದ. ನನ್ನ ಕಡೆ ಮುಖ ಮಾಡದೆ ಕೇಳಿದ: "ಸರ್, ನಮ್ಮಂಥವರ ವಿಷಯ ಅಲ್ಲಿ ಓಟಿಗೆ ಬಂದಾಗ ಭಾರತ ಯಾವ ಕಡೆ ಹಾಕೇತಿ?"

'ನಮ್ಮಂಥವರು' ಅಂದರೆ ಏನು ಅಂತ ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಬೋರ್ಡ್ ಪೂರ್ತಿ ಒರೆಸಿ ಆಗಿತ್ತು. ಆದರೂ ಒರೆಸುತ್ತಲೇ ಇದ್ದ. ನೋಡಿ ಹೇಳುತ್ತೇನಪ್ಪಾ ಅಂದೆ.

ಆ ರಾತ್ರಿ ಕುಳಿತು ಹುಡುಕಿದೆ. ಸಿಕ್ಕಿದ್ದು ಇಷ್ಟು. ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನರ ಮೇಲೆ ನಡೆಯುವ ಹಿಂಸೆ ಮತ್ತು ತಾರತಮ್ಯವನ್ನು ಗಮನಿಸಲು ಒಬ್ಬ ಸ್ವತಂತ್ರ ತಜ್ಞರನ್ನು ನೇಮಿಸಬೇಕು ಅಂತ 2016ರ ಜೂನ್ 30ರಂದು ಮಂಡಳಿಯಲ್ಲಿ ಓಟು ನಡೆಯಿತು. ಪರ 23, ವಿರೋಧ 18, ತಟಸ್ಥ 6. ಆ ಆರರಲ್ಲಿ ಭಾರತ ಒಂದು. ಸುಪ್ರೀಂ ಕೋರ್ಟ್ ಇನ್ನೂ ತೀರ್ಪು ಕೊಟ್ಟಿಲ್ಲ, ಅದಕ್ಕೇ ಹೀಗೆ ಅಂತ ಆಗ ವಿದೇಶಾಂಗ ಸಚಿವಾಲಯ ಹೇಳಿತ್ತು. ಆ ಮಾತು ಒಪ್ಪಬಹುದಿತ್ತು. ಆದರೆ 2018ರ ಸೆಪ್ಟೆಂಬರ್ 6ಕ್ಕೆ ತೀರ್ಪು ಬಂತಲ್ವಾ? ಒಂದೇ ಲಿಂಗದ ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಅಂತ ಐದೂ ಜನ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ವಾ? ಆಮೇಲೆ 2019ರಲ್ಲಿ ಆ ತಜ್ಞರ ಅವಧಿ ಮುಂದುವರಿಸುವ ಓಟು ಬಂತು. ಪಕ್ಕದ ನೇಪಾಳ ಹೌದು ಅಂತು. ನಾವು ಮತ್ತೆ ತಟಸ್ಥ. 2022ರಲ್ಲೂ ತಟಸ್ಥ.

ಇದನ್ನು ಆ ಹುಡುಗನಿಗೆ ಹೇಗೆ ಹೇಳಲಿ? ಹೇಳಿದೆ, ಮುಚ್ಚಿಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ: "ಆ ಓಟು ಹಾಕೋರು ಯಾರು ಸರ್? ಅವರಿಗೆ ಕಾಗದ ಬರೀಬಹುದಾ?"

ಅದೇ ನನ್ನ ಪ್ರಶ್ನೆ. ಇಪ್ಪತ್ತೊಂದು ವರ್ಷ ವಿದೇಶಾಂಗ ನೀತಿ ಕಲಿಸಿದ್ದೇನೆ. ಪಂಚಶೀಲ, ಅಲಿಪ್ತ ನೀತಿ ಎಲ್ಲಾ ಬಾಯಿಪಾಠ. ಆದರೆ ಒಬ್ಬ ಸಾಮಾನ್ಯ ಮನುಷ್ಯ ಅದರೊಳಗೆ ಎಲ್ಲಿಂದ ಕೈ ಹಾಕಬೇಕು ಅನ್ನುವುದು ನನಗೇ ಗೊತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

—

ಕೋರ್ಟ್ ರಸ್ತೆ (ಬೆಳಗಾವಿ)

ಸರ್, ನಾನು ಇಲ್ಲಿ ವಕೀಲಿ ಮಾಡುತ್ತೇನೆ. ಜಿನೀವಾದಲ್ಲಿ ಗುಂಡಿ ಒತ್ತುವವರು ಅಲ್ಲಿನ ನಮ್ಮ ಕಾಯಂ ನಿಯೋಗದವರು. ಯಾವುದು ಒತ್ತಬೇಕು ಅನ್ನುವ ಸೂಚನೆ ದೆಹಲಿಯ ವಿದೇಶಾಂಗ ಸಚಿವಾಲಯದಿಂದ ಹೋಗುತ್ತದೆ. ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಆದರೆ ಸಂಸತ್ತು ಕೇಳಬಹುದು. ನಿಮ್ಮ ಸಂಸದರಿಗೆ ಬರೆಯಿರಿ. ಅವರು ಲೋಕಸಭೆಯಲ್ಲಿ ಲಿಖಿತ ಉತ್ತರದ ಪ್ರಶ್ನೆ ಹಾಕಿ, ಅದು ಅಂಗೀಕಾರವಾದರೆ ಸಚಿವರು ಉತ್ತರಿಸಲೇಬೇಕು. ಅಧಿವೇಶನಕ್ಕೆ ಮುಂಚೆಯೇ ಬರೆಯಿರಿ, ಪ್ರಶ್ನೆಗೆ ಕನಿಷ್ಠ 15 ದಿನಗಳ ನೋಟಿಸು ಬೇಕು.

ಇನ್ನೊಂದು ದಾರಿ ಮಾಹಿತಿ ಹಕ್ಕು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. 'ತೀರ್ಪಿನ ನಂತರ 2019ರಲ್ಲಿ, 2022ರಲ್ಲಿ ತಟಸ್ಥವಾಗಿರಲು ಕಾರಣವೇನು, ಆ ಕಡತದ ಟಿಪ್ಪಣಿ ಕೊಡಿ' ಅಂತ ಕೇಳಿ. ಪರದೇಶಗಳ ಜೊತೆಗಿನ ಸಂಬಂಧಕ್ಕೆ ಧಕ್ಕೆ ಅಂತ ಕಲಂ 8ರ ಅಡಿ ನಿರಾಕರಿಸಬಹುದು. ನಿರಾಕರಿಸಿದರೆ ಮೇಲ್ಮನವಿ ಹಾಕೋಣ, ನಾನು ಬರೆದುಕೊಡುತ್ತೇನೆ. ಫೀ ಬೇಡ.

ಒಂದು ಲೆಕ್ಕ ನೋಡಿ. ಆ ತಜ್ಞರ ಅವಧಿ ಮೂರು ವರ್ಷಕ್ಕೊಮ್ಮೆ ನವೀಕರಣ ಆಗುತ್ತದೆ. 2016, 2019, 2022, 2025. ಹೋದ ಸಲ ನಾವು ಮಂಡಳಿಯಲ್ಲಿ ಇರಲಿಲ್ಲ. ಮುಂದಿನದು 2028ರ ನಡುವೆ ಬರಬೇಕು. ಆಗ ಭಾರತದ ಕುರ್ಚಿ ಅಲ್ಲಿರುತ್ತದೆ. ಈಗಲೇ ಕೇಳಲು ಶುರು ಮಾಡಿದರೆ ಸಮಯವಿದೆ.

2019ರಲ್ಲಿ ಬೋಟ್ಸ್ವಾನಾದ ಹೈಕೋರ್ಟು ಅಲ್ಲಿನ ಇಂಥದ್ದೇ ಕಾನೂನನ್ನು ತೆಗೆದುಹಾಕುವಾಗ ನಮ್ಮ 2018ರ ತೀರ್ಪನ್ನು ಉಲ್ಲೇಖಿಸಿತು. ಅದನ್ನೂ ಕಾಗದದಲ್ಲಿ ಹಾಕಿ.

—

ಚೌಡಕಿ ಸಪ್ಪಳ (ಜಮಖಂಡಿ ಕಡೆ)

ಮಾಸ್ತರ, ಮೊದಲು ಆ ಹುಡುಗನಿಗೆ ಈ ಅಕ್ಕನ ನಮಸ್ಕಾರ ಮುಟ್ಟಿಸಿ. ನಾನು ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣಾಗಿ ಬಾಳುವ ಜೋಗಪ್ಪಗಳ ಜೊತೆ, ನಮ್ಮ ಸಮುದಾಯದ ಜೊತೆ ಬಹಳ ವರ್ಷ ಕೆಲಸ ಮಾಡಿದವಳು. ನಾನೂ ಅವರಲ್ಲೊಬ್ಬಳು.

ಪರದೇಶದ ನೀತಿ ನಮ್ಮ ಊರಿಗೆ ಹೊಸದಲ್ಲ. 2000ದ ದಶಕದಲ್ಲಿ ಬಾಗಲಕೋಟೆಯ ಹಳ್ಳಿಗಳಲ್ಲಿ ಕೆನಡಾ ಸರ್ಕಾರದ ಹಣದಿಂದ ಎಚ್‌ಐವಿ ಕೆಲಸ ನಡೆಯಿತು. ಆಮೇಲೆ ಅಮೆರಿಕದ ಯುಎಸ್‌ಏಡ್ ಹಣ ಕರ್ನಾಟಕಕ್ಕೆ ಬಂತು. ನಮಗೊಂದು ಬಾಡಿಗೆ ಕೋಣೆ ಇತ್ತು, ಡಿಐಸಿ (ಡ್ರಾಪ್-ಇನ್ ಸೆಂಟರ್) ಅನ್ನುತ್ತಿದ್ದೆವು. ಬಾಗಿಲ ಹಿಂದೆ ಆಳೆತ್ತರದ ಕನ್ನಡಿ. ಸಂತೆಗೆ ಬಂದ ಹುಡುಗರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಚೀಲದಿಂದ ಸೀರೆ ತೆಗೆದು ಉಟ್ಟು, ಆ ಕನ್ನಡಿ ಮುಂದೆ ಸುಮ್ನೆ ನಿಲ್ಲುತ್ತಿದ್ದರು. ಐದು ಗಂಟೆ ಬಸ್ಸಿಗೆ ಮತ್ತೆ ಅಂಗಿ. ಕೆಲವರ ಇಡೀ ವಾರದ ಬದುಕು ಆ ಎರಡು ತಾಸು. ಆದರೆ ಅವರ ಕಾಗದದಲ್ಲಿ ನಾವು ರೋಗದ ಲೆಕ್ಕ. ಎಷ್ಟು ಕಾಂಡೋಮ್, ಎಷ್ಟು ಟೆಸ್ಟ್. ಯೋಜನೆ ಮುಗಿಯಿತು, ಕೋಣೆಯ ಬಾಡಿಗೆ ನಿಂತಿತು. ಕನ್ನಡಿ ಈಗ ನನ್ನ ಮನೆಯಲ್ಲಿದೆ.

2025ರ ಜನವರಿಯಲ್ಲಿ ಮತ್ತೆ ಅದೇ ಆಯಿತು. ಅಮೆರಿಕದ ಹೊಸ ಅಧ್ಯಕ್ಷರು ನೆರವು ನಿಲ್ಲಿಸಿದರು. ಹೈದರಾಬಾದ್, ಪುಣೆ, ಕಲ್ಯಾಣದಲ್ಲಿದ್ದ ಟ್ರಾನ್ಸ್‌ಜೆಂಡರ್ ಕ್ಲಿನಿಕ್‌ಗಳು ಮುಚ್ಚಿದವು. ಹಾರ್ಮೋನ್ ಔಷಧಿಗೆ ರಾತ್ರಿ ಬಸ್ಸು ಹತ್ತಿ ಪುಣೆಗೆ ಹೋಗುತ್ತಿದ್ದ ನನ್ನ ತಂಗಿಯಂಥವಳಿಗೆ ಆ ಬಾಗಿಲೂ ಹೋಯಿತು.

ಅದಕ್ಕೆ ನಾನು ಹೇಳುವುದು ಇದು. ಕಾಗದದಲ್ಲಿ ಅಮೆರಿಕ ಹಾಗಂತು, ಯುರೋಪು ಹೀಗಂತು ಅಂತ ಬರೆಯಬೇಡಿ. ಅವರು ಇವತ್ತು ಕೊಡುತ್ತಾರೆ, ನಾಳೆ ಕಿತ್ತುಕೊಳ್ಳುತ್ತಾರೆ. ಎಲ್ಲಮ್ಮನ ಗುಡ್ಡದ ಜಿಲ್ಲೆಯ ಪಕ್ಕದಿಂದ ಬರೆಯುತ್ತಿದ್ದೇವೆ ಅಂತ ಬರೆಯಿರಿ. ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ಶೇ 1 ಮೀಸಲಾತಿಯನ್ನು ದೇಶದಲ್ಲೇ ಮೊದಲು ಕೊಟ್ಟದ್ದು ನಮ್ಮ ರಾಜ್ಯ, 2021ರಲ್ಲಿ. ಅದನ್ನು ಬರೆಯಿರಿ.

—

ಗುಮ್ಮಟದ ನೆರಳು (ವಿಜಯಪುರ)

ಸರ್, ನಿಮ್ಮ ಕಾಳಜಿ ದೊಡ್ಡದು. ಒಂದು ಭಯ ಮಾತ್ರ ಇದೆ. ಉಗಾಂಡಾ 2023ರಲ್ಲಿ ಮರಣದಂಡನೆವರೆಗೂ ಹೋಗುವ ಕಾನೂನು ತಂದಾಗ ವಿಶ್ವಬ್ಯಾಂಕು ಹೊಸ ಸಾಲ ನಿಲ್ಲಿಸಿತು. ರಸ್ತೆ, ಆಸ್ಪತ್ರೆಗೆ ಬರುವ ಹಣ ನಿಂತರೆ ಊರಿನ ಸಿಟ್ಟೆಲ್ಲ ಯಾರ ಮೇಲೆ ತಿರುಗುತ್ತದೆ? ಅದೇ ಬಡ ಸಲಿಂಗಿಗಳ ಮೇಲೆ. ಹೊರಗಿನವರು ಜೋರು ಮಾಡಿದಷ್ಟೂ ಒಳಗಿನವರಿಗೆ ಏಟು ಜಾಸ್ತಿ.

ನಾನು ಕೊಲ್ಲಿಯ ಒಂದು ದೇಶದಲ್ಲಿ ಎಂಟು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ನನ್ನ ರೂಮಿನಲ್ಲಿ ನಮ್ಮ ಕಡೆಯವನೇ ಒಬ್ಬ ಹುಡುಗ ಇದ್ದ. ಯಾರೋ ಅವನ ಮೊಬೈಲ್ ನೋಡಿದರು, ಬೆದರಿಸಿ ತಿಂಗಳು ತಿಂಗಳು ಹಣ ಕೀಳುತ್ತಿದ್ದರು. ಎಂಬೆಸಿಗೆ ಹೋಗೋಣ ನಡಿ ಅಂದೆ. "ಅಲ್ಲಿ ಏನಂತ ಹೇಳಲಿ ಕಾಕಾ?" ಅಂದ. ಕಾರಣ ಹೇಳಿದರೆ ಆ ದೇಶದಲ್ಲಿ ಜೈಲು, ಊರಲ್ಲಿ ಸುದ್ದಿ. ಹೋಗಲೇ ಇಲ್ಲ. ಎರಡು ವರ್ಷದ ದುಡಿಮೆ ಬಿಟ್ಟು ಒಂದು ಬ್ಯಾಗಿನಲ್ಲಿ ಊರಿಗೆ ಬಂದ. ಇಂಥವರು ಬಂದರೆ ಗುಟ್ಟು ಕಾಪಾಡುತ್ತೇವೆ, ಮನೆಗೆ ಮುಟ್ಟಿಸುತ್ತೇವೆ ಅಂತ ನಮ್ಮ ರಾಯಭಾರ ಕಚೇರಿಗಳಲ್ಲಿ ಒಂದು ಸಾಲು ಹಾಕಿದರೂ ಅದು ದೊಡ್ಡ ವಿದೇಶಾಂಗ ನೀತಿ. ಅದನ್ನೂ ಕೇಳಿ.

—

ಘಟಪ್ರಭಾ ದಂಡೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಗುಮ್ಮಟದ ನೆರಳು ಅವರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ನಾವು ಕೇಳುತ್ತಿರುವುದು ಯಾರ ಸಾಲವನ್ನೂ ನಿಲ್ಲಿಸಿ ಅಂತಲ್ಲ. ಆ ತಜ್ಞರು ದೇಶಗಳಿಗೆ ಹೋಗುತ್ತಾರೆ, ಜನರ ಮಾತು ಕೇಳುತ್ತಾರೆ, ವರದಿ ಬರೆಯುತ್ತಾರೆ. ಅವರ ಕೈಯಲ್ಲಿ ಹಣವೂ ಇಲ್ಲ, ಪೊಲೀಸರೂ ಇಲ್ಲ. ಕೇಳುವ ಒಂದು ಕಿವಿ ಇರಲಿ ಅನ್ನುವುದಕ್ಕೆ ಹೌದು ಅನ್ನಲು ನಮಗೆ ಏನು ತೊಂದರೆ? ಕೊಲ್ಲಿಯ ಹುಡುಗನ ವಿಷಯ ಕಾಗದದಲ್ಲಿ ಸೇರಿಸಿದ್ದೇನೆ, ಗುರುತು ಸಿಗದ ಹಾಗೆ.

ಹುಡುಗನಿಗೆ ಇದೆಲ್ಲ ಓದಿ ಹೇಳಿದೆ. ಕನ್ನಡಿಯ ಮಾತು ಬಂದಾಗ ಇನ್ನೊಮ್ಮೆ ಓದಿ ಅಂದ. ಆಮೇಲೆ ಕೇಳಿದ: "ಕಾಗದಕ್ಕೆ ಹೆಸರು ಹಾಕಲೇಬೇಕಾ ಸರ್?" ವಕೀಲರೇ, ಹಾಕಲೇಬೇಕಾ?

—

ಕೋರ್ಟ್ ರಸ್ತೆ

ಮಾಹಿತಿ ಹಕ್ಕಿನ ಅರ್ಜಿಗೆ ಹೆಸರು, ವಿಳಾಸ ಬೇಕು. ಯಾಕೆ ಕೇಳುತ್ತೀರಿ ಅಂತ ಕಾರಣ ಕೊಡಬೇಕಿಲ್ಲ. ಯಾವ ಪ್ರಜೆಯೂ ಕೇಳಬಹುದು. ಹುಡುಗನ ಹೆಸರು ಬೇಡವೇ ಬೇಡ ಸರ್. ನಿಮ್ಮದು ಹಾಕಿ.

—

ಘಟಪ್ರಭಾ ದಂಡೆ

ನನ್ನದೇ ಹಾಕಿದೆ. ಒಂದು ಸಂಸದರಿಗೆ, ಒಂದು ಸಚಿವಾಲಯಕ್ಕೆ. ಬರೆದದ್ದರಲ್ಲಿ ಅರ್ಧ ಅವನ ಮಾತು, ಅಕ್ಷರ ನನ್ನದು. ಇವತ್ತು ಮಧ್ಯಾಹ್ನ ಸ್ಪೀಡ್ ಪೋಸ್ಟ್ ಮಾಡಿದೆ. ಅವನು ಒಳಗೆ ಬರಲಿಲ್ಲ, ಸೈಕಲ್ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದ. ಹೊರಗೆ ಬಂದಾಗ ರಸೀದಿ ಕೊಡ್ತೀರಾ ಸರ್ ಅಂದ. ಕೊಟ್ಟೆ. ಎರಡು ಮಡಿಕೆ ಮಾಡಿ ರಾಜ್ಯಶಾಸ್ತ್ರ ಪುಸ್ತಕದೊಳಗೆ ಇಟ್ಟುಕೊಂಡ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇನೆ.