ಕಬ್ಬಿಣದ ಕಂಬ, ಮರದ ಹಲಗೆ: ಗಟ್ಟಿಯಾದ ಮರೆಬೇಲಿಗೆ ಅನುಭವಿಗಳ ಸಲಹೆ ಬೇಕು

ಪ್ರಶ್ನೆ

ಮನೆಯ ಹಿಂದಿನ ಅಂಗಳಕ್ಕೆ 30 ಮೀಟರ್ ಉದ್ದ, 1.8 ಮೀಟರ್ ಎತ್ತರದ ಮರದ ಬೇಲಿ ಹಾಕಿಸಬೇಕು. ಆಚೆ ನಿಂತವರಿಗೆ ಈಚೆ ಕಾಣಬಾರದು. ಹಳೆಯ ಬೇಲಿಯ ಹಲಗೆಗಳು ಇನ್ನೂ ಗಟ್ಟಿಯಾಗಿದ್ದರೂ ಮರದ ಕಂಬಗಳು ನೆಲದ ಮಟ್ಟಕ್ಕೆ ಕೊಳೆತು ಮುರಿದಿವೆ. ಅದಕ್ಕೇ ಈ ಸಲ ಕಂಬ ಕಬ್ಬಿಣದ್ದಿರಲಿ ಎಂದುಕೊಂಡಿದ್ದೇನೆ. ಯಾವ ಗಾತ್ರದ ಪೈಪು, ಎಷ್ಟು ದೂರಕ್ಕೊಂದು, ಎಷ್ಟು ಆಳ? ಮರವನ್ನು ಕಬ್ಬಿಣಕ್ಕೆ ಹಿಡಿಸುವುದು ಹೇಗೆ? ಮಣ್ಣು ಜೇಡಿ. ಸಾಮಾನಿನ ಲೆಕ್ಕ ಕೊಟ್ಟರೆ ಉಪಕಾರ.

ಫ್ಯಾಬ್ರಿಕೇಶನ್ ಮಾಡುವವರಿಂದ

ಮೊದಲು ಗಾಳಿಯ ಲೆಕ್ಕ ಹಾಕಿ, ಪೈಪಿನ ಮಾತು ಆಮೇಲೆ. ಸಂದಿಲ್ಲದ ಬೇಲಿ ಎಂದರೆ ನೆಲಕ್ಕೆ ಹಾಯಿ ಕಟ್ಟಿದ ಹಾಗೆ. ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ವೇಗದ ಗಾಳಿ ಚದರ ಮೀಟರಿಗೆ ಸುಮಾರು 55 ಕೆ.ಜಿ. ಭಾರದಷ್ಟು ತಳ್ಳುತ್ತದೆ. 2.4 ಮೀಟರಿಗೊಂದು ಕಂಬ ನೆಟ್ಟರೆ ಒಂದು ಕಂಬದ ಪಾಲಿಗೆ ಸುಮಾರು 240 ಕೆ.ಜಿ. ಬರುತ್ತದೆ, 1.8 ಮೀಟರಿಗೊಂದು ನೆಟ್ಟರೆ 180 ಕೆ.ಜಿ. ಈ ಭಾರವೆಲ್ಲ ನೆಲದಿಂದ 0.9 ಮೀಟರ್ ಮೇಲೆ ಕೂತು ಕಂಬವನ್ನು ಬುಡದಲ್ಲಿ ಬಗ್ಗಿಸುತ್ತದೆ.

60 ಮಿ.ಮೀ. ಹೊರವ್ಯಾಸ, 3.6 ಮಿ.ಮೀ. ದಪ್ಪದ ದುಂಡು ಪೈಪನ್ನು (ಎರಡಿಂಚಿನ ಮೀಡಿಯಂ ಪೈಪು ಎನ್ನುತ್ತಾರಲ್ಲ, ಅದು) 2.4 ಮೀಟರಿಗೊಂದು ನೆಟ್ಟರೆ ಈ ಗಾಳಿಗೆ ಉಕ್ಕು ತನ್ನ ಬಾಗುವ ಮಿತಿಗೇ ಬಂದು ನಿಲ್ಲುತ್ತದೆ, ಮೀಸಲು ಎಂಬುದೇ ಉಳಿಯುವುದಿಲ್ಲ. 1.8 ಮೀಟರಿಗೆ ತಂದರೆ ಮಿತಿಯ ಮುಕ್ಕಾಲು ಪಾಲು. ಅದೇ ಜಾಗಕ್ಕೆ 60×60 ಮಿ.ಮೀ., 3 ಮಿ.ಮೀ. ದಪ್ಪದ ಚೌಕ ಪೈಪು ಹಾಕಿದರೆ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಎರಡರ ತೂಕವೂ ಮೀಟರಿಗೆ 5 ಕೆ.ಜಿ. ಆಸುಪಾಸು. ಹಾಕುವ ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ ಆದಾಗ ಚೌಕವೇ ಲೇಸು, ಮರ ಕೂರಿಸಲು ಚಪ್ಪಟೆ ಮುಖವೂ ಸಿಗುತ್ತದೆ. 2 ಮಿ.ಮೀ. ಪೈಪಿನ ಆಸೆಗೆ ಬೀಳಬೇಡಿ. ಇವತ್ತಿನ ಬಲಕ್ಕೆ ಅದು ಸಾಲಬಹುದು, ಆದರೆ ತುಕ್ಕಿಗೆ ಬಿಟ್ಟುಕೊಡಲು ಅದರಲ್ಲಿ ದಪ್ಪವಿಲ್ಲ.

ತುಕ್ಕಿನ ವಿಚಾರಕ್ಕೆ ಬಂದರೆ, ‘ಜಿ.ಐ.’ (ತುಕ್ಕು ತಡೆಯಲು ಸತು ಹಚ್ಚಿದ ಕಬ್ಬಿಣ) ಎಂಬ ಹೆಸರಿನಲ್ಲಿ ಎರಡು ಬಗೆಯ ಮಾಲು ಬರುತ್ತದೆ. ಮೊದಲೇ ಸತು ಬಳಿದ ತಗಡನ್ನು ಮಡಚಿ ಮಾಡಿದ ಪೈಪಿನ ಮೇಲೆ ಸತುವಿನ ಪದರ ಬಹಳ ತೆಳು. ಕತ್ತರಿಸಿ, ವೆಲ್ಡ್ ಮಾಡಿ, ತೂತು ಕೊರೆದು, ಎಲ್ಲ ಮುಗಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ 50 ಮೈಕ್ರಾನಿಗಿಂತ ದಪ್ಪನೆಯ ಪದರ ಪೈಪಿನ ಒಳಗೂ ಹೊರಗೂ ಹಿಡಿಯುತ್ತದೆ. ನಿಮಗೆ ಬೇಕಾದದ್ದು ಇದು. ಅದ್ದುವಾಗ ಪೈಪಿನ ಎರಡು ತುದಿಯೂ ತೆರೆದಿರಬೇಕು, ಇಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿ ಅಥವಾ ನೀರು ಸ್ಫೋಟಿಸುತ್ತದೆ. ಮೇಲಿನ ಮುಚ್ಚಳ ಆಮೇಲೆ. ಅದ್ದಿದ ಪೈಪಿಗೆ ಜಾಗದಲ್ಲೇ ವೆಲ್ಡ್ ಮಾಡಬೇಕಾಗಿ ಬಂದರೆ ಸುತ್ತಲಿನ ಸತು ಸುಟ್ಟುಹೋಗುತ್ತದೆ. ಅಲ್ಲಿ ತಂತಿ ಬ್ರಶ್ಶಿನಿಂದ ಉಜ್ಜಿ ಜಿಂಕ್ ಪೇಂಟ್ ಎರಡು ಕೋಟ್ ಹೊಡೆಯಿರಿ. ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಆ ಕೆಲಸ ಬೇಡ.

ಪೈಪು 6 ಮೀಟರ್ ಉದ್ದಕ್ಕೆ ಬರುತ್ತದೆ, ಒಂದಕ್ಕೆ ಎರಡು ಕಂಬ. ಸಾಮಾನ್ಯ ಕಂಬ 2.7 ಮೀಟರ್ ಸಾಕು: 1.8 ಮೇಲೆ, 0.9 ಒಳಗೆ. ಮೂಲೆಯ ಕಂಬ, ಗೇಟಿನ ಕಂಬಗಳನ್ನು ಮಾತ್ರ ಪೂರ್ತಿ 3 ಮೀಟರ್ ಇಟ್ಟುಕೊಂಡು ಆ ಹೆಚ್ಚುವರಿ ಉದ್ದವನ್ನು ಮಣ್ಣಿಗೆ ಕೊಡಿ.

ಸಿವಿಲ್ ಕೆಲಸದವರಿಂದ

ಗುಂಡಿ 300 ಮಿ.ಮೀ. ಅಗಲ, 950 ಮಿ.ಮೀ. ಆಳ. ತಳಕ್ಕೆ 100 ಮಿ.ಮೀ. ಜಲ್ಲಿ ಹಾಕಿ ಕುಟ್ಟಿ. ಕಂಬದ ಬುಡ ಆ ಜಲ್ಲಿಯೊಳಕ್ಕೆ 50 ಮಿ.ಮೀ. ಇಳಿದಿರಲಿ, ಬುಡಕ್ಕೆ ಪ್ಲೇಟ್ ಹೊಡೆದು ಮುಚ್ಚಬೇಡಿ. ಪೈಪಿನೊಳಗೆ ನೀರು ಹೇಗೋ ಸೇರಿಯೇ ಸೇರುತ್ತದೆ; ಬೋಲ್ಟಿನ ತೂತಿನಿಂದ ಬರಬಹುದು, ಮುಚ್ಚಳದ ಸಂದಿನಿಂದ ಬರಬಹುದು, ರಾತ್ರಿಯ ತಂಪಿಗೆ ಒಳಗೇ ಬೆವರಬಹುದು. ಬುಡ ತೆರೆದಿದ್ದರೆ ಜಲ್ಲಿಗೆ ಇಂಗಿಹೋಗುತ್ತದೆ. ಮುಚ್ಚಿದ್ದರೆ ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ, ಕಂಬ ಮುರಿಯುವ ದಿನದವರೆಗೂ ಹೊರಗೆ ಏನೂ ಕಾಣುವುದಿಲ್ಲ.

ಜೇಡಿ ಮಣ್ಣಿನಲ್ಲಿ ಗುಂಡಿಯ ಆಕಾರ ಬಹಳ ಮುಖ್ಯ. ಹಾರೆಯಲ್ಲಿ ತೋಡಿದ ಗುಂಡಿಯ ಬಾಯಿ ತಾನಾಗಿ ಅಗಲವಾಗುತ್ತದೆ, ತಳ ಕಿರಿದಾಗುತ್ತದೆ. ಅದರಲ್ಲಿ ಕಾಂಕ್ರೀಟು ತುಂಬಿದರೆ ಮೂಲಂಗಿಯ ಆಕಾರ ಬರುತ್ತದೆ, ನೆನೆದು ಉಬ್ಬುವ ಮಣ್ಣು ಅದನ್ನು ವರ್ಷಕ್ಕಿಷ್ಟು ಎಂದು ಮೇಲಕ್ಕೆ ತಳ್ಳುತ್ತದೆ. ಗೋಡೆ ನೇರವಾಗಿರಲಿ, ತಳ ಬಾಯಿಗಿಂತ 50–75 ಮಿ.ಮೀ. ಅಗಲವಾಗಿದ್ದರೆ ಇನ್ನೂ ಒಳ್ಳೆಯದು. ನೆಲ ಹೆಪ್ಪುಗಟ್ಟುವ ಶೀತಪ್ರದೇಶವಾದರೆ ಹೆಪ್ಪಿನ ಆಳಕ್ಕಿಂತ ಕೆಳಗೆ ಹೋಗಲೇಬೇಕು, 0.9 ಮೀಟರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಮಿಶ್ರಣ 1:2:4 (ಸಿಮೆಂಟು, ಮರಳು, ಜಲ್ಲಿ), ಜಲ್ಲಿ 20 ಮಿ.ಮೀ. ಒಂದು ಗುಂಡಿಗೆ ಸುಮಾರು 0.063 ಘನ ಮೀಟರ್ ಕಾಂಕ್ರೀಟು, ಅಂದರೆ 20 ಕೆ.ಜಿ. ಸಿಮೆಂಟು. 18 ಕಂಬಕ್ಕೆ 50 ಕೆ.ಜಿ.ಯ 8 ಚೀಲ, ಮರಳು 0.6 ಘನ ಮೀಟರ್, ಜಲ್ಲಿ 1.2 ಘನ ಮೀಟರ್, ತಳಕ್ಕೆ ಹಾಕುವ ಜಲ್ಲಿ ಬೇರೆ. ಸಲಾಕೆಯಿಂದ ಚುಚ್ಚಿ ಚುಚ್ಚಿ ಗಾಳಿ ಬಿಡಿಸಿ.

ಹೆಚ್ಚಿನವರು ಕೆಡಿಸುವುದು ಮೇಲ್ಭಾಗವನ್ನು. ಕಾಂಕ್ರೀಟು ನೆಲಕ್ಕಿಂತ 40 ಮಿ.ಮೀ. ಎತ್ತರಕ್ಕೆ ಬಂದು, ಕಂಬದಿಂದ ಹೊರಕ್ಕೆ ಇಳಿಜಾರಾಗಿರಬೇಕು. ಸಮತಟ್ಟು ಮಾಡಿದರೆ, ಅಥವಾ ಚೆಂದಕ್ಕೆಂದು ಒಂದಿಷ್ಟು ತಗ್ಗಿಸಿ ಮಣ್ಣು ಮುಚ್ಚಿದರೆ, ಕಂಬದ ಸುತ್ತ ನೀರು ನಿಲ್ಲುತ್ತದೆ. ನೀರು, ಗಾಳಿ ಎರಡೂ ಸಿಗುವ ಜಾಗ ಅದೊಂದೇ, ತುಕ್ಕು ಹಿಡಿಯುವುದೂ ಅಲ್ಲೇ. ನಿಮ್ಮ ಮರದ ಕಂಬಗಳು ಕೊಳೆತದ್ದೂ ಅದೇ ಮಟ್ಟದಲ್ಲಿ. ಕಾಂಕ್ರೀಟು ಒಣಗಿದ ಮೇಲೆ ಕಂಬಕ್ಕೂ ಅದಕ್ಕೂ ನಡುವೆ ಕೂದಲೆಳೆಯ ಸಂದು ಬಿಡುತ್ತದೆ, ಅಲ್ಲಿಗೆ ಪಾಲಿಯುರಿಥೇನ್ ಸೀಲೆಂಟ್ ತುಂಬಿ. ನೆಡುವ ಮೊದಲೇ ಕಂಬಕ್ಕೆ ನೆಲಮಟ್ಟದ ಮೇಲೆ ಕೆಳಗೆ 150 ಮಿ.ಮೀ. ಬಿಟುಮಿನ್ ಪೇಂಟ್ ಹೊಡೆದಿದ್ದರೆ ಇನ್ನಷ್ಟು ಭದ್ರ.

ಸಾಲು ಹಿಡಿಯಲು ಎರಡು ತುದಿಯ ಕಂಬ ಮೊದಲು ನೆಟ್ಟು, ಮೇಲೊಂದು ಕೆಳಗೊಂದು ದಾರ ಕಟ್ಟಿ. ಒಂದೇ ದಾರವಾದರೆ ಕಂಬ ವಾಲಿದ್ದು ಗೊತ್ತಾಗುವುದಿಲ್ಲ. ಎರಡು ದಿನ ಆಸರೆ ಬಿಚ್ಚಬೇಡಿ, ಹಲಗೆ ಏರಿಸುವುದು 7 ದಿನ ಕಳೆದ ಮೇಲೆ. ಇನ್ನೊಂದು ಮಾತು: ತೋಡುವ ಮೊದಲು ನೀರಿನ ಪೈಪು, ವಿದ್ಯುತ್ ಕೇಬಲ್ ಎಲ್ಲೆಲ್ಲಿದೆ ನೋಡಿಕೊಳ್ಳಿ, ಗಡಿ ಅಳತೆ ಮಾಡಿಸಿಕೊಳ್ಳಿ. ಬೇಲಿಯ ಎತ್ತರಕ್ಕೆ ಸ್ಥಳೀಯ ನಿಯಮ ಇದ್ದರೆ ಅದನ್ನೂ.

ಬಡಗಿಯವರಿಂದ

ಕಂಬದ ಚಿಂತೆ ಹೋಯಿತು, ಈಗ ಮರ ಕೆಡುವ ಜಾಗ ಯಾವುದು ನೋಡೋಣ. ಮರ ಕಬ್ಬಿಣಕ್ಕೆ ಅಂಟಿ ಕೂತ ಕಡೆ ಕೆಡುತ್ತದೆ, ಹಲಗೆಯ ಕೊಯ್ದ ತುದಿಯಲ್ಲಿ ಕೆಡುತ್ತದೆ.

ಮರ ಯಾವುದೇ ಇರಲಿ, ತಿರುಳಿನ ಭಾಗ ನೋಡಿ ಆರಿಸಿ. ಹೊರಗಿನ ಬಿಳಿ ಭಾಗ ತೇಗದ್ದಾದರೂ ಬಾಳುವುದಿಲ್ಲ. ತೇಗ, ಸೀಡರ್, ಇಲ್ಲವೇ ಒತ್ತಡ ಕೊಟ್ಟು ಔಷಧ ತುಂಬಿದ ಪೈನ್ ಆಗಬಹುದು. ಪೈನ್ ಕೊಯ್ದಾಗಲೆಲ್ಲ ಆ ತುದಿಗೆ ಔಷಧ ಹಚ್ಚಬೇಕು, ಕಾರ್ಖಾನೆಯ ಔಷಧ ಒಳತಿರುಳಿನವರೆಗೆ ಹೋಗಿರುವುದಿಲ್ಲ. ತಾಮ್ರದ ಅಂಶವಿರುವ ಔಷಧ ಮಾಮೂಲಿ ಹೊಳೆಯುವ ಸ್ಕ್ರೂಗಳನ್ನು ಬೇಗ ತಿಂದುಹಾಕುತ್ತದೆ. ತೇಗ, ಸೀಡರಿನ ರಸ ಕಬ್ಬಿಣಕ್ಕೆ ತಾಗಿ ಕಪ್ಪು ಕಲೆ ಇಳಿಯುತ್ತದೆ. ಎರಡಕ್ಕೂ ಪರಿಹಾರ ಒಂದೇ, 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ. ಸಮುದ್ರ ಹತ್ತಿರವಾದರೆ 316.

ಅಡ್ಡಪಟ್ಟಿ 45×90 ಮಿ.ಮೀ., ಮೂರು ಸಾಲು. ಎರಡು ಸಾಲಿಗೆ ಬಿಟ್ಟರೆ ಹಲಗೆಗಳು ನಡುವೆ ಬಿಲ್ಲಿನಂತೆ ಬಾಗುತ್ತವೆ. ಕೆಳಗಿನದು ಹಲಗೆಯ ತಳದಿಂದ 200 ಮಿ.ಮೀ. ಮೇಲೆ, ಮೇಲಿನದು ತಲೆಯಿಂದ 200 ಮಿ.ಮೀ. ಕೆಳಗೆ. ಈಗ ಕಷ್ಟದ ಜಾಗ: 60 ಮಿ.ಮೀ. ಕಂಬದ ಮೇಲೆ ಎರಡು ಪಟ್ಟಿಯ ತುದಿ ಬಂದು ಸೇರಿದರೆ ಒಂದೊಂದಕ್ಕೆ ಸಿಗುವುದು ಬರೀ 30 ಮಿ.ಮೀ. ಅಲ್ಲಿ ಬೋಲ್ಟ್ ಹಾಕಿದರೆ ತುದಿ ಸೀಳುವುದು ಖಂಡಿತ. ಅದಕ್ಕೇ ಪ್ರತಿ ಕಂಬದ ಮುಖಕ್ಕೆ ಮೂರು ಮಟ್ಟದಲ್ಲಿ 200 ಮಿ.ಮೀ. ಅಗಲ, 75 ಎತ್ತರ, 5 ದಪ್ಪದ ಪ್ಲೇಟ್ ವೆಲ್ಡ್ ಮಾಡಿಸಿ, ಸತುವಿಗೆ ಅದ್ದುವ ಮೊದಲೇ. ಪಟ್ಟಿಯ ತುದಿಯಿಂದ 60 ಮಿ.ಮೀ. ಬಿಟ್ಟು, ಒಂದರ ಕೆಳಗೊಂದು 40 ಮಿ.ಮೀ. ಅಂತರಕ್ಕೆ ಎರಡು 8 ಮಿ.ಮೀ. ಬೋಲ್ಟ್, ಉದ್ದ 70. ಆ ಜಾಗ ಕಂಬದ ಅಂಚಿನಿಂದ ಹೊರಗೆ ಬರುವುದರಿಂದ ಹಿಂದಿನಿಂದ ನಟ್ಟಿಗೆ ಸ್ಪ್ಯಾನರ್ ಹೋಗುತ್ತದೆ. ಪ್ಲೇಟಿನ ತೂತು ಅಡ್ಡಕ್ಕೆ ತುಸು ಉದ್ದವಿರಲಿ, ಕಂಬ 5–6 ಮಿ.ಮೀ. ಆಚೀಚೆ ಆಗಿದ್ದರೆ ಆಗ ಬಯ್ಯಬೇಕಾಗುವುದಿಲ್ಲ. ಪ್ಲೇಟಿಗೂ ಮರಕ್ಕೂ ನಡುವೆ 3 ಮಿ.ಮೀ. ರಬ್ಬರ್ ವಾಶರ್ ಇಟ್ಟರೆ ನೀರು ಇಳಿದುಹೋಗಿ ಮರ ಒಣಗುತ್ತದೆ.

ಹಲಗೆ 140 ಮಿ.ಮೀ. ಅಗಲ, 20 ದಪ್ಪ. ಪಕ್ಕಪಕ್ಕ ಒತ್ತಿ ಜೋಡಿಸಿದರೆ ಸಂದು ಬಿಡದೆ ಇರುವುದಿಲ್ಲ. ಹಸಿ ಹಲಗೆ ಒಣಗುವಾಗ ಒಂದೊಂದಕ್ಕೆ 5 ಮಿ.ಮೀ.ವರೆಗೂ ಕುಗ್ಗುತ್ತದೆ. ಆದ್ದರಿಂದ ಎರಡು ಪದರ ಮಾಡಿ: ಅಡ್ಡಪಟ್ಟಿಗೆ ತಾಗಿ ಕೂರುವ ಕೆಳಪದರದ ಹಲಗೆಗಳ ನಡುವೆ 90 ಮಿ.ಮೀ. ಖಾಲಿ ಬಿಟ್ಟು, ಆ ಖಾಲಿಯನ್ನು ಮೇಲಿನ ಹಲಗೆಯಿಂದ ಮುಚ್ಚಿ, ಎರಡೂ ಕಡೆ 25 ಮಿ.ಮೀ. ಮೇಲುಹೊದಿಕೆ ಬರುವಂತೆ. ಕೆಳಪದರಕ್ಕೆ 50 ಮಿ.ಮೀ. ಸ್ಕ್ರೂ ಸಾಕು. ಮೇಲ್ಪದರಕ್ಕೆ 75 ಬೇಕು, ನಡುವೆ 20 ಮಿ.ಮೀ. ಖಾಲಿ ದಾಟಬೇಕಲ್ಲ. ಎಲ್ಲದಕ್ಕೂ ಒಂದೇ ಉದ್ದದ ಸ್ಕ್ರೂ ತಂದವರ ಬೇಲಿಯಲ್ಲಿ ಮೇಲಿನ ಹಲಗೆಗಳು ಒಂದೊಂದಾಗಿ ಕಿತ್ತುಬರುತ್ತವೆ. ಮೇಲಿನ ಹಲಗೆಯ ಸ್ಕ್ರೂ ಅದರ ಅಂಚಿನಿಂದ 35 ಮಿ.ಮೀ. ಒಳಗಿರಲಿ, ಆಗ ಕೆಳಗಿನ ಹಲಗೆಯನ್ನು ಚುಚ್ಚುವುದಿಲ್ಲ. ಚುಚ್ಚಿದರೆ ಎರಡೂ ಒಂದಕ್ಕೊಂದು ಕಟ್ಟಿಬಿದ್ದು, ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತವೆ. ಗಟ್ಟಿ ಮರಕ್ಕೆ ಮೊದಲು ಸಣ್ಣ ತೂತು ಕೊರೆದೇ ಸ್ಕ್ರೂ ಬಿಡಿ.

ಲೆಕ್ಕ: 30 ಮೀಟರಿಗೆ 17 ಅಂಕಣ, 18 ಕಂಬ, ಅಡ್ಡಪಟ್ಟಿ 51, ಪ್ಲೇಟ್ 54, ಬೋಲ್ಟ್ 204. ಹಲಗೆ ಒಂದಕ್ಕೆ 115 ಮಿ.ಮೀ. ಜಾಗ ಹಿಡಿಯುತ್ತದೆ, ಆದ್ದರಿಂದ 261. ಗಂಟು, ಬಿರುಕು ಇರುವುದನ್ನು ತೆಗೆದುಹಾಕಲು ಸೇರಿಸಿ 285 ತನ್ನಿ. ಸ್ಕ್ರೂ ಎರಡೂ ಉದ್ದದವು ತಲಾ 850.

ಹಲಗೆಯ ತಳ ನೆಲದಿಂದ 50 ಮಿ.ಮೀ. ಮೇಲಿರಲಿ. ಮಣ್ಣು ತಾಗಿದರೆ ಗೆದ್ದಲಿಗೆ ನೀವೇ ಏಣಿ ಇಟ್ಟ ಹಾಗೆ. ಆ ಸಂದು ಬೇಡವೆಂದರೆ ಕಾಂಕ್ರೀಟಿನ ಚಪ್ಪಡಿ ಇಟ್ಟು ಮುಚ್ಚಿ, ಮರ ಬೇಡ.

ಪ್ರಶ್ನೆ ಕೇಳಿದವರಿಂದ

ಬಹಳ ಉಪಕಾರವಾಯಿತು. ಎರಡಿಂಚಿನ ದುಂಡು ಪೈಪು ಒಂದಷ್ಟು ಮನೆಯಲ್ಲೇ ಬಿದ್ದಿದೆ, ಅದನ್ನು ಬಳಸಬಹುದೇ? ಗುಂಡಿಗೆ ಒಣ ಮಿಶ್ರಣ ಸುರಿದು ಮೇಲಿನಿಂದ ನೀರು ಹೊಯ್ದರೆ ಸಾಕು ಎಂದು ಒಬ್ಬರು ಹೇಳಿದರು, ಹೌದೇ? 1.2 ಮೀಟರಿನ ಒಂದು ಗೇಟೂ ಬೇಕು.

ಫ್ಯಾಬ್ರಿಕೇಶನ್ ಮಾಡುವವರಿಂದ

ಬಳಸಬಹುದು, 1.8 ಮೀಟರ್ ಅಂತರ ದಾಟದಿದ್ದರೆ. ಮೊದಲು ತುದಿಯಲ್ಲಿ ದಪ್ಪ ಅಳೆಯಿರಿ, 3.6 ಇದ್ದರೆ ಸರಿ, 2.9 ಇದ್ದರೆ ಅಂತರ 1.5 ಮೀಟರಿಗೆ ಇಳಿಸಿ. ಒಳಗೆ ತುಕ್ಕಿನ ಚಕ್ಕೆ ಏಳುತ್ತಿದ್ದರೆ ಬಿಟ್ಟುಬಿಡಿ. ದುಂಡಕ್ಕೆ ಪ್ಲೇಟಿನ ಬದಲು ಪೈಪ್ ಕ್ಲಾಂಪ್ ಹಾಕುವವರಿದ್ದಾರೆ. ಬರೀ ಬಿಗಿತದ ಮೇಲೆ ನಿಂತ ಕ್ಲಾಂಪ್ ಗಾಳಿಗೆ ಅಲುಗಿ ಅಲುಗಿ ತಿರುಗುತ್ತದೆ, ಜಾರುತ್ತದೆ. ಪ್ರತಿ ಕ್ಲಾಂಪಿಗೂ ಪೈಪಿನೊಳಕ್ಕೆ ಒಂದು 6 ಮಿ.ಮೀ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆದು, ಆ ತೂತಿಗೆ ಜಿಂಕ್ ಪೇಂಟ್ ತೋರಿಸಿ.

ಗೇಟಿಗೆ ಮಾತ್ರ ದುಂಡು ಬೇಡ. 75×75, 4 ಮಿ.ಮೀ. ದಪ್ಪದ ಎರಡು ಕಂಬ, ಎರಡರ ಬುಡಗಳನ್ನು ನೆಲದಡಿಯಲ್ಲಿ ಒಂದೇ ಕಾಂಕ್ರೀಟ್ ತೊಲೆಯಿಂದ ಕೂಡಿಸಿಬಿಟ್ಟರೆ ಒಳಕ್ಕೆ ವಾಲುವ ಪ್ರಶ್ನೆಯೇ ಬರುವುದಿಲ್ಲ. ಗೇಟಿನ ಚೌಕಟ್ಟೂ 50×25 ಪೈಪಿನದಿರಲಿ, ಹಲಗೆ ಬರೀ ಹೊದಿಕೆ. ಮರದ ಚೌಕಟ್ಟೇ ಬೇಕೆಂದರೆ ಓರೆಪಟ್ಟಿ ಕೆಳಗಿನ ತಿರುಗಣಿಯ ಮೂಲೆಯಿಂದ ಮೇಲಿನ ಚಿಲಕದ ಮೂಲೆಗೆ ಹೋಗಬೇಕು. ತಿರುಗುಮುರುಗು ಹಾಕಿದರೆ ಗೇಟು ಜೋತುಬೀಳುತ್ತದೆ.

ಸಿವಿಲ್ ಕೆಲಸದವರಿಂದ

ಒಣ ಮಿಶ್ರಣ ಬಟ್ಟೆ ಒಣಹಾಕುವ ಕಂಬಕ್ಕೆ ಸರಿ. ಮೇಲೆ ಹೊಯ್ದ ನೀರು ದಾರಿ ಸಿಕ್ಕ ಕಡೆ ಇಳಿದು, ಮಿಕ್ಕ ಕಡೆ ಸಿಮೆಂಟು ಪುಡಿಯಾಗಿಯೇ ಉಳಿಯುತ್ತದೆ. ಹಾಯಿಯಂಥ ಬೇಲಿಗೆ ಕಲಸಿ ಹಾಕಿ. ತೀರಾ ನೀರಾಗಿ ಬೇಡ, ಸಲಾಕೆ ಎತ್ತಿದರೆ ಅದರ ಗುಳಿ ನಿಧಾನಕ್ಕೆ ಮುಚ್ಚಿಕೊಳ್ಳುವ ಹದ.

ಬಡಗಿಯವರಿಂದ

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ವಾರ್ನಿಶ್ ಹೊಡೆಯಬೇಡಿ, ಬಿಸಿಲಿಗೆ ಸಿಪ್ಪೆ ಎದ್ದರೆ ಪೂರ್ತಿ ಕೆರೆಯದೆ ಮತ್ತೆ ಹಚ್ಚುವಂತಿಲ್ಲ. ಮರದೊಳಕ್ಕೆ ಇಂಗುವ, ಬಣ್ಣದ ಪುಡಿ ಬೆರೆತ ಎಣ್ಣೆಯ ಸ್ಟೇನ್ ಒಳ್ಳೆಯದು, ಎರಡು ಮೂರು ವರ್ಷಕ್ಕೊಮ್ಮೆ ತೊಳೆದು ಮತ್ತೆ ಹಚ್ಚಿದರಾಯಿತು. ಔಷಧ ತುಂಬಿದ ಪೈನ್ ಹಸಿಯಿದ್ದಾಗ ಹಚ್ಚಿದರೆ ಹಿಡಿಯುವುದಿಲ್ಲ. ಹಲಗೆ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ, ಕೆಲವೇ ನಿಮಿಷದಲ್ಲಿ ಹೀರಿಕೊಂಡರೆ ಹಚ್ಚಬಹುದು, ಮಣಿಯಂತೆ ನಿಂತರೆ ಕಾಯಿರಿ. ಹಲಗೆಯ ಮೇಲ್ತುದಿಗೆ ಎರಡು ಪಟ್ಟು ಕುಡಿಸಿ, ನೀರು ಹೀರುವುದು ಅಲ್ಲಿಂದಲೇ. ಮೊದಲ ಬೇಸಿಗೆ ಕಳೆದ ಮೇಲೆ ಆ 204 ಬೋಲ್ಟನ್ನೂ ಒಂದು ಸುತ್ತು ಬಿಗಿ ಮಾಡಿ, ಪಟ್ಟಿ ಒಣಗಿ ಕುಗ್ಗಿ ಎಲ್ಲ ಸಡಿಲವಾಗಿರುತ್ತವೆ.