ಹಾಡಿನ ಸಾಥಿಗೆ ಮಹಾಗನಿ ಟಾಪ್ ಇರುವ ಗಿಟಾರ್ ಹೊಂದುತ್ತದೆಯೇ?

ಸಾಧನಕೇರಿ_ತಂತಿ (ಧಾರವಾಡ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಭಾವಗೀತೆ ಮತ್ತು ವಚನ ಗಾಯನಕ್ಕೆ ಗಿಟಾರ್ ಸಾಥ್ ನೀಡುತ್ತೇನೆ. ನನ್ನ ಬಳಿ ಇರುವುದು ಡ್ರೆಡ್‌ನಾಟ್ ಎಂಬ ದೊಡ್ಡ ಒಡಲಿನ ಗಿಟಾರ್; ಅದರ ಟಾಪ್, ಅಂದರೆ ಮುಂಭಾಗದ ಹಲಗೆ, ಸಾಲಿಡ್ (ಪದರಗಳಿಲ್ಲದ) ಸಿಟ್ಕಾ ಸ್ಪ್ರೂಸ್ ಮರದ್ದು. ಮೈಕ್ ಇಲ್ಲದ ಮನೆಯ ಬೈಠಕ್‌ಗಳಲ್ಲಿ ಗಾಯಕರು ದನಿ ತಗ್ಗಿಸಿ ಹಾಡುವಾಗ ನಾನು ಎಷ್ಟು ಹಗುರವಾಗಿ ನುಡಿಸಿದರೂ ತಂತಿಗಳ ಝಣಝಣವು ಸಾಹಿತ್ಯವನ್ನು ಮುಚ್ಚುತ್ತದೆ ಎಂದು ಮುಂದಿನ ಸಾಲಿನಲ್ಲಿ ಕುಳಿತವರೇ ಹೇಳುತ್ತಾರೆ. ಇತ್ತೀಚೆಗೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಟಾಪ್ ಕೂಡ ಮಹಾಗನಿಯದೇ ಆದ ಗಿಟಾರನ್ನು ನುಡಿಸಿ ನೋಡಿದೆ. ಅದರ ದನಿ ಚಿಕ್ಕದು, ಆದರೆ ದುಂಡಗಿತ್ತು. ಒಂದು ಸ್ವರ ಮುಗಿದು ಮುಂದಿನದಕ್ಕೆ ಜಾಗ ಬಿಟ್ಟುಕೊಡುತ್ತಿತ್ತು. ಇದು ಮರದ ಗುಣವೋ ಅಥವಾ ಆ ಒಂದು ಗಿಟಾರಿನ ಗುಣವೋ? ಹಾಗೆಯೇ, ನಮ್ಮ ಕಡೆ ಸಿಗುವ ಸಾಗವಾನಿ ಮತ್ತು ಬೀಟೆ ಮರಗಳಿಂದ ಟಾಪ್ ಮಾಡಿದರೆ ದನಿ ಹೇಗಿರುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಬ್ರಿಜ್_ಮತ್ತು_ಸ್ಯಾಡಲ್ (ಹುಬ್ಬಳ್ಳಿ) ಅವರ ಉತ್ತರ

ನಾನು ತಂತಿವಾದ್ಯಗಳ ದುರಸ್ತಿ ಮಾಡುವವನು. ನೀವು ಕೇಳಿದ ವ್ಯತ್ಯಾಸದಲ್ಲಿ ಮರದ ಪಾಲು ದೊಡ್ಡದೇ ಇದೆ. ತಂತಿ ತಾನಾಗಿ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ತಂತಿಗಳನ್ನು ಟಾಪ್‌ಗೆ ಸೇರಿಸುವ ಬ್ರಿಜ್ ಮೂಲಕ ಕಂಪನವನ್ನು ಪಡೆದು ಗಾಳಿಯನ್ನು ತಳ್ಳುವ ಕೆಲಸ ಟಾಪ್‌ನದು. ಲೈಟ್ ಗೇಜಿನ, ಅಂದರೆ ತೆಳುವಾದ, ಆರು ಸ್ಟೀಲ್ ತಂತಿಗಳು ಒಟ್ಟು ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. ಆ ಎಳೆತಕ್ಕೆ ಬಾಗದಷ್ಟು ಬಿಗುವು, ಬೆರಳಿನ ಮೆಲುಸ್ಪರ್ಶಕ್ಕೂ ಓಗೊಡುವಷ್ಟು ಹಗುರತನ, ಇವೆರಡೂ ಒಂದೇ ಹಲಗೆಯಲ್ಲಿ ಸಿಗಬೇಕು, ಮತ್ತು ಸ್ಪ್ರೂಸ್ ಗಿಟಾರ್ ಲೋಕವನ್ನು ಆಳುತ್ತಿರುವುದು ಈ ಕಾರಣಕ್ಕೇ.

ಸಿಟ್ಕಾ ಸ್ಪ್ರೂಸ್ ಘನ ಮೀಟರಿಗೆ ಸುಮಾರು 425 ಕಿಲೋ ತೂಗುತ್ತದೆ, ಮಹಾಗನಿ ಸುಮಾರು 590. ಎಳೆಯ ಉದ್ದಕ್ಕೆ ಅಳೆದಾಗ ಬಿಗುವಿನಲ್ಲಿ ಮಾತ್ರ ಅಂಥ ಅಂತರವಿಲ್ಲ: ಸ್ಪ್ರೂಸ್ ಸುಮಾರು 11 ಗಿಗಾಪಾಸ್ಕಲ್, ಮಹಾಗನಿ ಸುಮಾರು 10. ಹೀಗಾಗಿ ಸ್ಪ್ರೂಸ್ ಹಲಗೆಯೊಳಗೆ ಶಬ್ದವು ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಲ್ಲಿ ಸಾಗಿದರೆ ಮಹಾಗನಿಯಲ್ಲಿ ಅದು ಸುಮಾರು 4,100ಕ್ಕೆ ಇಳಿಯುತ್ತದೆ. ವಾದ್ಯ ತಯಾರಕರು ಈ ವೇಗವನ್ನು ಸಾಂದ್ರತೆಯಿಂದ ಭಾಗಿಸಿ, ಹಲಗೆಯೊಂದು ತನಗೆ ಸಿಕ್ಕ ಶಕ್ತಿಯನ್ನು ಎಷ್ಟು ಸಲೀಸಾಗಿ ಗಾಳಿಗೆ ದಾಟಿಸುತ್ತದೆ ಎಂಬುದನ್ನು ಅಂದಾಜು ಮಾಡುತ್ತಾರೆ. ಸ್ಪ್ರೂಸ್‌ಗೆ ಅದು 12ರ ಆಸುಪಾಸು, ಮಹಾಗನಿಗೆ 7ರ ಆಸುಪಾಸು. ಅಂಗಡಿಯಲ್ಲಿ ನಿಮ್ಮ ಕಿವಿಗೆ ಬಿದ್ದ ಚಿಕ್ಕ ದನಿಯ ಮೂಲ ಇಲ್ಲಿದೆ.

ಹಲಗೆಯನ್ನು ತೆಳ್ಳಗೆ ಮಾಡಿ ಈ ಕೊರತೆಯನ್ನು ತುಂಬಿಕೊಳ್ಳಬಹುದಲ್ಲವೇ ಎಂದು ನೀವು ಕೇಳಬಹುದು. ಒಂದು ಮಿತಿಯವರೆಗೆ ಹೌದು. ಗಟ್ಟಿಮರದ ಟಾಪ್‌ಗಳನ್ನು ಸಾಮಾನ್ಯವಾಗಿ ಸ್ಪ್ರೂಸ್‌ಗಿಂತ ತುಸು ತೆಳ್ಳಗೆ ಹೆರೆಯುತ್ತಾರೆ. ಆದರೆ ದಪ್ಪ ಹತ್ತು ಶೇಕಡಾ ಇಳಿದರೆ ತೂಕ ಹತ್ತು ಶೇಕಡಾ ಮಾತ್ರ ಇಳಿಯುತ್ತದೆ, ಬಾಗುವಿಕೆಗೆ ಒಡ್ಡುವ ಬಿಗುವು ಸುಮಾರು 27 ಶೇಕಡಾ ಕುಸಿಯುತ್ತದೆ. ಅತಿಯಾಗಿ ತೆಳುವಾದರೆ ಬ್ರಿಜ್‌ನ ಹಿಂದಿನ ಭಾಗ ಉಬ್ಬಿ, ತಂತಿ ಎತ್ತರವಾಗಿ, ಒತ್ತಲು ಬೆರಳು ನೋಯುವ ಗಿಟಾರುಗಳು ನನ್ನ ಮೇಜಿಗೆ ಬರುತ್ತವೆ.

ಸ್ವರ ಬೇಗ ಮುಗಿಯುವುದಕ್ಕೆ ಇನ್ನೊಂದು ಕಾರಣವಿದೆ. ಮಹಾಗನಿ ತನ್ನೊಳಗೇ ಸ್ವಲ್ಪ ಕಂಪನವನ್ನು ನುಂಗುತ್ತದೆ, ಅದರಲ್ಲೂ ಮೇಲಿನ ಕಂಪನಗಳನ್ನು ಹೆಚ್ಚಾಗಿ. ಕೆಳಗಿನ ಇ ತಂತಿಯನ್ನು ಮೀಟಿ ಗಮನವಿಟ್ಟು ಕೇಳಿ. ಸುಮಾರು 82 ಹರ್ಟ್ಸ್‌ನ ಮೂಲಸ್ವರದ ಜೊತೆಗೆ 165, 247 ಎಂದು ಏರುತ್ತ ಹೋಗುವ ಉಪಸ್ವರಗಳು ಏಳುತ್ತವೆ. ಸ್ಪ್ರೂಸ್ ಆ ಮೇಲಿನವುಗಳನ್ನೂ ಉದಾರವಾಗಿ ಹೊರಗೆ ಬಿಡುತ್ತದೆ. ಮಹಾಗನಿಯಲ್ಲಿ ಅವು ಮೊದಲೇ ಕ್ಷೀಣಿಸಿ ಮೂಲಸ್ವರವೇ ಎದ್ದು ಕಾಣುತ್ತದೆ. ಹವಾಯಿಯ ಕೋವಾ ಮರ ಮತ್ತು ವಾಲ್ನಟ್ ಘನ ಮೀಟರಿಗೆ 610 ಕಿಲೋದ ಹತ್ತಿರ ಇರುವುದರಿಂದ ಇದೇ ಸಾಲಿಗೆ ಸೇರುತ್ತವೆ. ಬೀಟೆಯದು ಬೇರೆ ಸ್ವಭಾವ: ಅದು ಕಂಪನವನ್ನು ಬಹಳ ಕಡಿಮೆ ನುಂಗುತ್ತದೆ, ಆದರೆ ಘನ ಮೀಟರಿಗೆ 830 ಕಿಲೋ ತೂಗುವ ಹಲಗೆಯನ್ನು ಬೆರಳು ಅಲುಗಿಸಬೇಕಾಗುತ್ತದೆ. ಆದ್ದರಿಂದ ಬೀಟೆಯನ್ನು ಹಿಂಬದಿಗೆ ಮತ್ತು ಪಕ್ಕಗಳಿಗೆ ಬಳಸುವುದೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಸ್ಪೇನಿನ ಆಂಟೋನಿಯೊ ದ ಟೋರೆಸ್ 1862ರಲ್ಲಿ ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ, ಟಾಪನ್ನು ಮಾತ್ರ ಸ್ಪ್ರೂಸ್‌ನಿಂದ ಮಾಡಿ ಒಂದು ಗಿಟಾರ್ ಕಟ್ಟಿದ್ದರು. ಟಾಪ್‌ನ ಪ್ರಾಧಾನ್ಯವನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ.

ಬೆಟಗೇರಿ_ಧ್ವನಿ (ಗದಗ) ಅವರ ಉತ್ತರ

ಹುಬ್ಬಳ್ಳಿಯವರ ವಿವರಣೆಯನ್ನು ಒಪ್ಪುತ್ತೇನೆ. ಧ್ವನಿಮುದ್ರಣದ ಕಡೆಯಿಂದ ಒಂದು ಮಾತು ಸೇರಿಸಬೇಕು. ಹಾಡಿನಲ್ಲಿ ಅಕ್ಷರಗಳನ್ನು ಸ್ಪಷ್ಟವಾಗಿ ಗುರುತಿಸುವುದಕ್ಕೆ ಸುಮಾರು 2,000ದಿಂದ 4,000 ಹರ್ಟ್ಸ್‌ವರೆಗಿನ ಪಟ್ಟಿ ಬಹಳ ಮುಖ್ಯ. ವಚನದಲ್ಲಂತೂ ಮಾತೇ ಮೊದಲು, ರಾಗ ಅದರ ಬೆನ್ನಿಗೆ. ಸ್ಪ್ರೂಸ್ ಟಾಪ್‌ನ ಗಿಟಾರಿಗೆ ಹೊಸ ತಂತಿ ಹಾಕಿ ಪಿಕ್‌ನಿಂದ ನುಡಿಸಿದರೆ ಅದರ ಹೊಳಪು ನೇರವಾಗಿ ಆ ಪಟ್ಟಿಯಲ್ಲಿಯೇ ಬಂದು ಕೂರುತ್ತದೆ. ಮಹಾಗನಿ ಅಲ್ಲಿ ತಾನಾಗಿಯೇ ಹಿಂದೆ ಸರಿಯುವುದರಿಂದ ಹಾಡುಗಾರರ ಮೈಕ್ ಪಕ್ಕದಲ್ಲಿದ್ದಾಗಲೂ ನನಗೆ ಈಕ್ವಲೈಜರ್ ಮುಟ್ಟುವ ಅಗತ್ಯ ಕಡಿಮೆ ಬೀಳುತ್ತದೆ. ನಿಮ್ಮ ಕೆಲಸಕ್ಕೆ ಅದು ಹೊಂದುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಆದರೂ ಹಣ ಹಾಕುವ ಮೊದಲು ಗಿಟಾರಿನ ಅಳತೆಯ ಕಡೆಗೂ ನೋಡಬೇಕು. ನಿಮ್ಮ ಅಡಚಣೆಯಲ್ಲಿ ಅರ್ಧ ಪಾಲು ಡ್ರೆಡ್‌ನಾಟ್‌ನ ದೊಡ್ಡ ಒಡಲಿನದು. ಅಷ್ಟೇ ದೊಡ್ಡ ಮಹಾಗನಿ ಗಿಟಾರ್ ಕೊಂಡರೆ ಝಣಝಣ ತಗ್ಗಿ ಗುಂಯ್‌ಗುಡುವಿಕೆ ಉಳಿಯುತ್ತದೆ. ಡ್ರೆಡ್‌ನಾಟ್‌ಗಿಂತ ಚಿಕ್ಕದಾದ 000 ಅಳತೆಯ ಅಥವಾ ಅದಕ್ಕಿಂತಲೂ ಚಿಕ್ಕ ಒಡಲನ್ನು ಆರಿಸಿಕೊಳ್ಳಿ. ಮಾರ್ಟಿನ್‌ನ 000-15ಎಂ, ಟೇಲರ್‌ನ ಜಿಎಸ್ ಮಿನಿ ಮಹಾಗನಿ ಈ ಬಗೆಯವು. ಇದು ಹೊಸ ಪ್ರಯೋಗವೂ ಅಲ್ಲ. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲಿ ಹವಾಯಿ ಸಂಗೀತದ ಅಲೆ ಎದ್ದಾಗ ಕೋವಾ ಟಾಪ್‌ಗಳಿಗೆ ಬೇಡಿಕೆ ಬಂದಿತು, ಮತ್ತು ಮಾರ್ಟಿನ್ ಕಂಪನಿ 1922ರಲ್ಲಿ ಮಹಾಗನಿ ಟಾಪ್‌ನ 2-17 ಮಾದರಿಯನ್ನು ಸ್ಟೀಲ್ ತಂತಿಗಳಿಗಾಗಿ ಹೊರತಂದಿತು.

ಒಂದು ಮಿತಿಯನ್ನೂ ಹೇಳುವುದು ನ್ಯಾಯ. ಇಂಥ ಗಿಟಾರನ್ನು ಜೋರಾಗಿ ಸ್ಟ್ರಮ್ ಮಾಡಿದರೆ ಒಂದು ಹಂತದ ನಂತರ ದನಿ ಏರುವುದೇ ಇಲ್ಲ, ಚಪ್ಪಟೆಯಾಗುತ್ತದೆ. ಬಯಲು ಜಾಗದಲ್ಲಿ ಗುಂಪುಗಾಯನಕ್ಕೆ ಸಾಥ್ ಕೊಡಬೇಕಾದಾಗ ನಿಮ್ಮ ಸ್ಪ್ರೂಸ್ ಡ್ರೆಡ್‌ನಾಟ್ ಬೇಕೇ ಬೇಕಾಗುತ್ತದೆ. ಅದನ್ನು ಮಾರಬೇಡಿರಿ.

ಜವಾರಿ_ನಾದ (ಧಾರವಾಡ) ಅವರ ಉತ್ತರ

ಸಾಗವಾನಿಯ ಬಗ್ಗೆ ಕೇಳಿದ್ದೀರಿ. ನಾನು ಸಿತಾರ್ ವಿದ್ಯಾರ್ಥಿ, ಆ ಭಾಗಕ್ಕೆ ಉತ್ತರಿಸುತ್ತೇನೆ. ಉಸ್ತಾದ್ ಬಾಲೇಖಾನರ ಮನೆತನದಿಂದಾಗಿ ಸಿತಾರ್ ನಮ್ಮ ಊರಿನ ವಾದ್ಯವೇ ಆಗಿದೆ, ಮತ್ತು ಸಿತಾರಿನ ತಬಲಿ, ಅಂದರೆ ಅದರ ಟಾಪ್, ಗಟ್ಟಿಮರದ್ದೇ. ಹೆಚ್ಚಾಗಿ ತುನ್, ಕೆಲವೊಮ್ಮೆ ಸಾಗವಾನಿ. ತುನ್ ಮರವು ಮಹಾಗನಿ ಮತ್ತು ಬೇವಿನ ಕುಟುಂಬಕ್ಕೇ ಸೇರಿದ್ದು, ತೂಕದಲ್ಲಿ ಮಹಾಗನಿಗಿಂತ ಹಗುರ.

ಹಾಗಿದ್ದೂ ಸಿತಾರಿನ ದನಿ ಅಷ್ಟು ಝೇಂಕರಿಸುವುದು ಏಕೆ ಎಂಬುದನ್ನು ಗಮನಿಸಬೇಕು. ಅಲ್ಲಿ ಉಪಸ್ವರಗಳನ್ನು ಎಬ್ಬಿಸುವುದು ಮರವಲ್ಲ, ಘೋಡಿಯ, ಅಂದರೆ ಸಿತಾರಿನ ಬ್ರಿಜ್‌ನ, ಅಗಲವಾದ ಮೇಲ್ಮೈ. ತಂತಿ ಅದರ ಸಣ್ಣ ಇಳಿಜಾರನ್ನು ಸವರುತ್ತ ಕಂಪಿಸುವುದರಿಂದ ಜವಾರಿ ಎಂಬ ಆ ಝೇಂಕಾರ ಹುಟ್ಟುತ್ತದೆ. ಗಿಟಾರಿನ ಬ್ರಿಜ್ ಮೇಲೆ ತಂತಿ ಕೂರುವ ಪಟ್ಟಿ, ಅಂದರೆ ಸ್ಯಾಡಲ್, ಕಿರಿದಾದ ಅಂಚು, ಅಲ್ಲಿ ಈ ಸಹಾಯ ಸಿಗದು. ಆದ್ದರಿಂದ ಸಿತಾರಿಗೆ ಒಪ್ಪಿದ ಸಾಗವಾನಿ ಗಿಟಾರಿಗೂ ಹಾಗೆಯೇ ಒಪ್ಪುತ್ತದೆ ಎಂದು ತಿಳಿಯಬಾರದು. ಅದು ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ, ಜೊತೆಗೆ ಎಣ್ಣೆಯಂಶವಿರುವುದರಿಂದ ಅಂಟು ಹಿಡಿಸುವುದೂ ಕಷ್ಟ.

ಸಾಧನಕೇರಿ_ತಂತಿ (ಧಾರವಾಡ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಿಕ್ಕ ಒಡಲಿನ ಮಹಾಗನಿಯನ್ನೇ ಹುಡುಕುತ್ತೇನೆ. ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು? ನಮ್ಮ ಮಳೆಗಾಲದ ಥಂಡಿಗೆ ಇದು ತಾಳುತ್ತದೆಯೇ?

ಬ್ರಿಜ್_ಮತ್ತು_ಸ್ಯಾಡಲ್ (ಹುಬ್ಬಳ್ಳಿ) ಅವರ ಉತ್ತರ

ಮೊದಲು ಟಾಪ್ ಸಾಲಿಡ್ ಹೌದೋ ಅಲ್ಲವೋ ಎಂಬುದನ್ನು ನೋಡಿರಿ, ಏಕೆಂದರೆ ಮೇಲೆ ಹೇಳಿದ ಲೆಕ್ಕಗಳೆಲ್ಲ ಒಂದೇ ಹಲಗೆಯ ಟಾಪ್‌ಗೆ ಸಂಬಂಧಿಸಿದವು. ಕಡಿಮೆ ಬೆಲೆಯ ಬಹಳಷ್ಟು ಮಹಾಗನಿ ಗಿಟಾರುಗಳಲ್ಲಿ ಇರುವುದು ಪ್ಲೈವುಡ್. ಸೌಂಡ್‌ಹೋಲ್‌ನ ಅಂಚನ್ನು ಮೊಬೈಲ್ ಟಾರ್ಚ್ ಹಿಡಿದು ನೋಡಿದಾಗ ಮೇಲಿನ ಎಳೆಗಳು ಅಂಚಿನ ದಪ್ಪದಲ್ಲಿಯೂ ಹಾಗೆಯೇ ಕೆಳಗಿಳಿದಿದ್ದರೆ ಅದು ಸಾಲಿಡ್; ಅಡ್ಡಲಾಗಿ ಮೂರು ಪದರಗಳು ಕಂಡರೆ ಪ್ಲೈ. ಅಂಚಿಗೆ ಬಣ್ಣ ಬಳಿದಿದ್ದರೆ ಕಂಪನಿಯ ವಿವರಪಟ್ಟಿಯಲ್ಲಿ ಸಾಲಿಡ್ ಎಂಬ ಮಾತು ಟಾಪ್‌ನ ಮುಂದೆಯೇ ಇದೆಯೇ ಎಂದು ಓದಿಕೊಳ್ಳಿರಿ. ಸಪೇಲೆ, ನಾಟೊ, ಒಕುಮೆ ಮರಗಳೂ ಮಹಾಗನಿಯ ಜಾಗದಲ್ಲಿ ಬರುತ್ತವೆ. ಸಪೇಲೆ ದನಿಯಲ್ಲಿ ಬಹಳ ಹತ್ತಿರದ್ದು, ಅದನ್ನು ಬಿಡಬೇಕಾಗಿಲ್ಲ.

ಹವಾಮಾನದ ವಿಷಯದಲ್ಲಿ ಮಹಾಗನಿ ನಿಮಗೆ ಅನುಕೂಲ. ಹಸಿಯಿಂದ ಪೂರ್ಣ ಒಣಗುವವರೆಗೆ ಸಿಟ್ಕಾ ಸ್ಪ್ರೂಸ್ ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು 4.3 ಶೇಕಡಾ ಕುಗ್ಗಿದರೆ ಮಹಾಗನಿ ಸುಮಾರು 3 ಶೇಕಡಾ ಕುಗ್ಗುತ್ತದೆ. ಜಿಟಿಜಿಟಿ ಮಳೆಯ ಆಷಾಢದಿಂದ ಒಣಗಾಳಿಯ ಫಾಲ್ಗುಣದವರೆಗೆ ಧಾರವಾಡದಲ್ಲಿ ಹಲಗೆ ಉಬ್ಬಿ ಕುಗ್ಗುವುದು ತಪ್ಪದು, ಅದರ ಪ್ರಮಾಣ ಮಾತ್ರ ಕಡಿಮೆಯಾಗುತ್ತದೆ. ಕೇಸಿನೊಳಗೆ ಚಿಕ್ಕ ಹೈಗ್ರೊಮೀಟರ್ ಇಟ್ಟು ತೇವಾಂಶ 45ರಿಂದ 55 ಶೇಕಡಾದೊಳಗೆ ಉಳಿಯುವಂತೆ ನೋಡಿಕೊಳ್ಳಿರಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಚೀಲಗಳು ಸಾಕು. ಬೇಸಿಗೆಗೆ ಒದ್ದೆ ಸ್ಪಂಜಿನ ಹ್ಯುಮಿಡಿಫೈಯರ್ ಬೇಕಾಗುತ್ತದೆ, ಮತ್ತು ಅದರಿಂದ ಒಂದು ಹನಿಯೂ ಹಲಗೆಯ ಮೇಲೆ ಬೀಳದಂತೆ ಚೆನ್ನಾಗಿ ಹಿಂಡಿ ಇಡಬೇಕು.